ಆಯಿಯ ಫೋನಿಗೆ ವೈಫೈ ನಿಲ್ಲುತ್ತಿಲ್ಲ: ದುರಸ್ತಿಯ ದಿನಚರಿ

ಶುಕ್ರವಾರ ರಾತ್ರಿ

ಆಯಿಯ ಆಂಡ್ರಾಯ್ಡ್ ಫೋನು ಮನೆಯ ವೈಫೈಗೆ ಸೇರಿಕೊಳ್ಳುತ್ತದೆ, ಚೆನ್ನಾಗಿಯೇ ಓಡುತ್ತದೆ, ಆಮೇಲೆ ಯಾವುದೋ ಹೊತ್ತಿನಲ್ಲಿ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕೈಗೆತ್ತಿಕೊಂಡು ವೈಫೈ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಅದೇ ಮನೆಯಲ್ಲಿರುವ ಅಪ್ಪಯ್ಯನ ಫೋನು, ಟಿವಿ, ನನ್ನ ಲ್ಯಾಪ್‌ಟಾಪು ಯಾವುದಕ್ಕೂ ಈ ರೋಗ ಇಲ್ಲ.

ಪಟ್ಟಣದಲ್ಲಾದರೆ ಇದು ಬರೀ ಕಿರಿಕಿರಿ. ವೈಫೈ ಹೋದರೆ ಮೊಬೈಲ್ ಡೇಟಾ ಇರುತ್ತದೆ. ಶಿರಸಿ ಕಡೆಯ ನಮ್ಮ ಮನೆ ಇರುವುದು ಅಡಿಕೆ ತೋಟದ ಕಣಿವೆಯಲ್ಲಿ. ಟವರಿನ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಿ ಡಾಂಬರು ರಸ್ತೆಗೆ ಹೋಗಬೇಕು. ಫೈಬರ್ ಬಂದ ಮೇಲೆ ಎಲ್ಲರ ಮಾತುಕತೆ ವೈಫೈ ಕಾಲಿಂಗ್ ಮೇಲೆಯೇ ನಿಂತಿದೆ. 2019ರ ಡಿಸೆಂಬರಿನಿಂದೀಚೆಗೆ ನಮ್ಮ ದೇಶದಲ್ಲಿ ಶುರುವಾದ ಈ ಸೌಲಭ್ಯದಿಂದ ಇಂಥ ಮನೆಗಳಿಗೆ ಆದ ಉಪಕಾರ ಸಣ್ಣದಲ್ಲ. ಆದರೆ ವೈಫೈ ಬಿತ್ತೆಂದರೆ ಫೋನೇ ಇಲ್ಲ. "ಅಕ್ಕ ಫೋನ್ ಮಾಡಿರೂ ರಿಂಗೇ ಆಗ್ತಿಲ್ಲೆ ತಮಾ, ಎಂತ ಆಜು ನೋಡು" ಎಂದು ಆಯಿ ಹೇಳಿದ್ದು ಅದಕ್ಕೇ.

ಎಲ್ಲರೂ ಮಾಡುವ ಚಿಕಿತ್ಸೆಗಳೆಲ್ಲ ಆಗಿವೆ: ರೀಸ್ಟಾರ್ಟ್, ನೆಟ್‌ವರ್ಕನ್ನು ಫರ್ಗೆಟ್ ಮಾಡಿ ಪಾಸ್‌ವರ್ಡ್ ಮತ್ತೆ ಹೊಡೆಯುವುದು, ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್. ಫಲವಿಲ್ಲ. ಫ್ಯಾಕ್ಟರಿ ರೀಸೆಟ್‌ಗೆ ನಾನು ಒಪ್ಪಲಿಲ್ಲ. ಕಾರಣ ಗೊತ್ತಿಲ್ಲದೆ ಎಲ್ಲವನ್ನೂ ಅಳಿಸಿದರೆ ಕಾರಣದ ಗುರುತೂ ಅದರ ಜೊತೆಗೇ ಹೋಗುತ್ತದೆ.

ಶನಿವಾರ ಬೆಳಿಗ್ಗೆ

"ವೈಫೈ ಹೋಯಿತು" ಎಂದು ನಾವು ಹೇಳುವುದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ತೊಂದರೆ ಸೇರಿರುತ್ತವೆ. ಫೋನಿಗೂ ರೂಟರಿಗೂ ನಡುವಿನ ರೇಡಿಯೋ ಕೊಂಡಿ ಕಡಿದಿರಬಹುದು. ಕೊಂಡಿ ಇದ್ದೂ ಫೋನಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದಕ್ಕೆ ರೂಟರು ಕೊಟ್ಟ ಅಂಕಿಯ ವಿಳಾಸ, ಕೈತಪ್ಪಿರಬಹುದು. ಅವೆರಡೂ ಸರಿಯಿದ್ದು ರೂಟರಿನಿಂದಾಚೆಗೆ ದಾರಿ ಮುಚ್ಚಿರಬಹುದು. ಫೋನು ಮಾತ್ರ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಮುಖ ತೋರಿಸುತ್ತದೆ. ಹಾಗಾಗಿ ಮೊದಲ ಕೆಲಸ ಇವನ್ನು ಬೇರ್ಪಡಿಸುವುದು.

ಬಿಲ್ಡ್ ನಂಬರಿನ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆದೆ. ಅಲ್ಲಿ ವೈಫೈ ವರ್ಬೋಸ್ ಲಾಗಿಂಗ್ ಎಂದಿದೆ. ಅದನ್ನು ಆನ್ ಮಾಡಿದರೆ ವೈಫೈ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಸಿಗ್ನಲಿನ ಬಲವೂ ಅಂಕಿಯಲ್ಲಿ ಕಾಣುತ್ತದೆ. ಫೋನು ಹಿಡಿದು ಮನೆ ಸುತ್ತಿದೆ. ರೂಟರಿರುವ ಜಗಲಿಯಲ್ಲಿ -42 ಡಿಬಿಎಂ, ಅಡುಗೆಮನೆಯಲ್ಲಿ -72, ಬಚ್ಚಲಿನ ಹತ್ತಿರ -80, ಕೊಟ್ಟಿಗೆಯಲ್ಲಿ ಏನೂ ಇಲ್ಲ. ಈ ಲೆಕ್ಕದಲ್ಲಿ ಪ್ರತಿ 10 ಇಳಿದಾಗ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ. ಅಂದರೆ ಜಗಲಿಯಿಂದ ಅಡುಗೆಮನೆ ಸೇರುವಷ್ಟರಲ್ಲಿ ಸಾವಿರದಲ್ಲೊಂದು ಪಾಲು ಉಳಿಯಿತು. ನಡುವೆ ಇರುವುದು ಅಜ್ಜನ ಕಾಲದ ಚಿರೆಕಲ್ಲಿನ ದಪ್ಪ ಗೋಡೆಗಳು. 5 ಗಿಗಾಹರ್ಟ್ಸಿನ ನೆಟ್‌ವರ್ಕು ಅಡುಗೆಮನೆಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ, 2.4 ಒಂದೇ ಒಳಗೆ ತಲುಪುತ್ತದೆ.

ಗೋಡೆಯ ಮೇಲೆ ಗೂಬೆ ಕೂರಿಸಿ ಸಿಗ್ನಲನ್ನು ಎತ್ತಿ ಮುಂದೆ ಕೊಡುವ ಒಂದು ರಿಪೀಟರ್ ತಂದು ಹಾಕುವುದು ಇಲ್ಲಿ ಬಹಳ ಸುಲಭ. ಅಪ್ಪಯ್ಯನ ಸಲಹೆಯೂ ಅದೇ. ಆದರೆ ನಿನ್ನೆ ರಾತ್ರಿ ಫೋನನ್ನು ಜಗಲಿಯಲ್ಲಿ, ರೂಟರಿನ ಪಕ್ಕದಲ್ಲೇ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ವೈಫೈ ಇಲ್ಲ. ಒಂದು ಮೊಳ ದೂರದಲ್ಲಿದ್ದೂ ಬಿದ್ದ ಮೇಲೆ ಗೋಡೆಗೆ ಈ ಕೇಸಿನಲ್ಲಿ ಖುಲಾಸೆ.

ಇನ್ನೆರಡು ಸಂಶಯಗಳು ಬೇಗ ಮುಗಿದವು. ಮೊದಲನೆಯದು ನೆರೆಮನೆಗಳ ವೈಫೈಯಿಂದ ಅಡ್ಡಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಾದರೆ 2.4ರ ಚಾನೆಲ್ಲುಗಳಲ್ಲಿ ಒಂದರ ಮೇಲೊಂದು ಬೀಳದವು 1, 6, 11 ಮಾತ್ರ ಎಂದು ಲೆಕ್ಕ ಹಾಕುತ್ತ ಕೂರಬೇಕಿತ್ತು. ಇಲ್ಲಿ ಸ್ಕ್ಯಾನ್ ಮಾಡಿದರೆ ನಮ್ಮದೇ ಹೆಸರು ಬಿಟ್ಟು ಬೇರೊಂದಿಲ್ಲ. ಕರೆಂಟು ಹೋಗಿ ಬಂದಾಗ ರೂಟರು ರೀಸ್ಟಾರ್ಟ್ ಆಗುತ್ತಿದೆಯೇ? ಅದೂ ಇಲ್ಲ, ಇನ್ವರ್ಟರಿನ ಲೈನಿನಲ್ಲಿದೆ, ರೂಟರಿನ ಪುಟದಲ್ಲಿ ಕಾಣುವ ಅಪ್‌ಟೈಮ್ ದಿನಗಟ್ಟಲೆ ಇದೆ.

ಶನಿವಾರ ರಾತ್ರಿ

ಇವತ್ತು ದಿನವಿಡೀ ಆಯಿಯ ಫೋನಿನಲ್ಲಿ, ಆಜ್ಞೆಗಳನ್ನು ಟೈಪ್ ಮಾಡಿ ಓಡಿಸುವ ಟರ್ಮಕ್ಸ್ ಆ್ಯಪಿನಲ್ಲಿ, ಎರಡು ಪಿಂಗ್ ಓಡಿಸಿದೆ. ಪಿಂಗ್ ಎಂದರೆ ಒಂದು ವಿಳಾಸಕ್ಕೆ ಮತ್ತೆ ಮತ್ತೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡುವುದು. ಒಂದು ರೂಟರಿಗೆ, ಅಂದರೆ 192.168.1.1ಕ್ಕೆ. ಇನ್ನೊಂದು ಹೊರಗೆ, ಗೂಗಲಿನ ಸರ್ವರ್ ಆದ 8.8.8.8ಕ್ಕೆ. ಫೋನು ನಿದ್ದೆ ಹೋದರೆ ಪಿಂಗ್ ನಿಲ್ಲುತ್ತದೆಂದು ಟರ್ಮಕ್ಸಿನ ವೇಕ್‌ಲಾಕ್ ಹಾಕಿದ್ದೆ.

ಎರಡು ಸಂಗತಿ ಸಿಕ್ಕವು. ಪಿಂಗ್ ಓಡುತ್ತಿದ್ದಷ್ಟು ಹೊತ್ತು ಕೊಂಡಿ ಒಮ್ಮೆಯೂ ಕಡಿಯಲಿಲ್ಲ. ಇಡೀ ಪರೀಕ್ಷೆಯಲ್ಲಿ ನನಗೆ ಅತಿ ಇಷ್ಟವಾದ ಸುಳಿವು ಇದು: ಎಚ್ಚರವಾಗಿದ್ದ ಫೋನಿಗೆ ರೋಗವೇ ಇಲ್ಲ. ಆಯಿ ಹೇಳುವುದೂ ಅದನ್ನೇ. ಯೂಟ್ಯೂಬ್ ನೋಡುವಾಗ ತೊಂದರೆಯಿಲ್ಲ, ಮಧ್ಯಾಹ್ನ ಒಂದು ನಿದ್ದೆ ಮಾಡಿ ಎದ್ದರೆ ವೈಫೈ ಹೋಗಿರುತ್ತದೆ.

ಎರಡನೆಯದು ಬೇರೆಯದೇ ಕಥೆ. ಸಂಜೆ ಮಳೆ ಬರುವಾಗ ರೂಟರಿನಿಂದ ಉತ್ತರ ಸರಾಗವಾಗಿ ಬರುತ್ತಿತ್ತು, 8.8.8.8ರಿಂದ ಮಾತ್ರ ಸ್ವಲ್ಪ ಹೊತ್ತು ಬರಲಿಲ್ಲ. ಅಂದರೆ ಮನೆಯೊಳಗಿನ ವೈಫೈ ಸರಿಯಿದ್ದು ಹೊರಗಿನ ದಾರಿ ಕಟ್ಟಿತ್ತು. ಹಾಗಿದ್ದರೆ ಇಲ್ಲಿ ಇರುವುದು ಎರಡು ರೋಗ. ಎರಡನ್ನೂ ಒಂದೇ ಎಂದುಕೊಂಡು ಇಷ್ಟು ದಿನ ಎಲ್ಲರೂ ಬೇರೆ ಬೇರೆ ಔಷಧ ಹೇಳುತ್ತಿದ್ದರು. ಮಳೆಯದನ್ನು ಆಮೇಲೆ ನೋಡುವುದು.

ಐಪಿ ವಿಳಾಸದ ವಿಷಯ ಇಲ್ಲೇ ಬರೆದುಬಿಡುತ್ತೇನೆ. ರೂಟರು ಒಂದು ವಿಳಾಸವನ್ನು ಫೋನಿಗೆ ಎಷ್ಟು ಕಾಲಕ್ಕೆ ಕೊಡುತ್ತದೆ ಎಂಬ ಅವಧಿಗೆ ಡಿಎಚ್‌ಸಿಪಿ ಲೀಸ್ ಎನ್ನುತ್ತಾರೆ. ನಮ್ಮಲ್ಲಿ ಅದು 86,400 ಸೆಕೆಂಡು, ಅಂದರೆ ಒಂದು ದಿನ. ಫೋನು ಅರ್ಧ ಅವಧಿ ಕಳೆದಾಗ ನವೀಕರಣ ಕೇಳುತ್ತದೆ, ಸಿಗದಿದ್ದರೆ 87.5 ಶೇಕಡಾ ಆದಾಗ ಇನ್ನೊಮ್ಮೆ. ಇಲ್ಲಿ ಕೊಂಡಿ ಬೀಳುತ್ತಿರುವುದು ಅದಕ್ಕಿಂತ ಬಹಳ ಬೇಗ ಬೇಗ. ಆಂಡ್ರಾಯ್ಡ್ 10ರಿಂದ ಫೋನುಗಳು ನೆಟ್‌ವರ್ಕಿಗೊಂದು ಕೃತಕ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ತೋರಿಸುತ್ತವಲ್ಲ, ಅದರ ಮೇಲೂ ಕಣ್ಣಿತ್ತು. ರೂಟರಿನ ಪಟ್ಟಿಯಲ್ಲಿ ಈ ಫೋನಿನ ವಿಳಾಸ ದಿನವಿಡೀ ಒಂದೇ ಇದೆ.

ಭಾನುವಾರ

ರಾತ್ರಿ ಪಿಂಗ್ ಇಲ್ಲ, ಯುಎಸ್‌ಬಿ ವೈರೂ ಇಲ್ಲ. ಚಾರ್ಜಿಗಿಟ್ಟ ಫೋನು ಆಳವಾದ ನಿದ್ದೆಗೆ ಇಳಿಯುವುದಿಲ್ಲ, ನಮಗೆ ಬೇಕಾದದ್ದು ಆ ನಿದ್ದೆಯೇ. ಫೋನು ತನ್ನ ಆಗುಹೋಗುಗಳನ್ನು ಬರೆದಿಡುವ ಲಾಗರ್ ಬಫರಿನ ಗಾತ್ರವನ್ನು 16 ಎಂಬಿಗೆ ಏರಿಸಿ ಫೋನನ್ನು ಅದರ ಪಾಡಿಗೆ ಬಿಟ್ಟೆ. ಬೆಳಿಗ್ಗೆ ಲ್ಯಾಪ್‌ಟಾಪಿಗೆ ಜೋಡಿಸಿ ಎಡಿಬಿ ಎಂಬ ತಂತ್ರಾಂಶದಿಂದ ಆ ಬರಹವನ್ನು (ಲಾಗ್‌ಕ್ಯಾಟ್) ತೆಗೆದು, ಡಿಸ್‌ಕನೆಕ್ಟೆಡ್ ಎಂಬ ಸಾಲುಗಳನ್ನಷ್ಟೇ ಸೋಸಿದೆ.

ಈ ಸಾಲುಗಳ ಕೊನೆಯಲ್ಲಿ ಕಡಿದುಹೋದ ಕಾರಣ ಅಂಕಿಯಲ್ಲಿರುತ್ತದೆ. ಅಂಕಿಗಳ ಅರ್ಥ ವೈಫೈಯ 802.11 ಮಾನದಂಡದಲ್ಲೇ ನಿಗದಿಯಾಗಿರುವುದರಿಂದ ಯಾವ ಕಂಪನಿಯ ಫೋನಾದರೂ ಒಂದೇ. ಕೆಲವು ಕಡೆ ರೀಸನ್ 3 ಇತ್ತು, ಪಕ್ಕದಲ್ಲಿ ಲೋಕಲಿ ಜನರೇಟೆಡ್ ಎಂಬ ಗುರುತು. ಫೋನು ತಾನಾಗಿಯೇ ಹೊರಟಿದೆ ಎಂದರ್ಥ. ಆಯಿ ಬೇಸರ ಬಂದು ವೈಫೈ ಆಫ್ ಮಾಡಿ ಆನ್ ಮಾಡಿದ ಹೊತ್ತುಗಳವು. ಉಳಿದೆಲ್ಲವೂ ರೀಸನ್ 16, ರೂಟರಿನ ಕಡೆಯಿಂದ ಬಂದವು. 16 ಎಂದರೆ ಗ್ರೂಪ್ ಕೀ ಹ್ಯಾಂಡ್‌ಶೇಕ್ ಟೈಮೌಟ್.

ಸಮಯಗಳು ಇನ್ನೂ ಚೆಂದ. 11:14. ಆಯಿ ನಡುವೆ ಎದ್ದು ಗಂಟೆ ನೋಡಿದಾಗ ಫೋನು ತಾನೇ ಮತ್ತೆ ಸೇರಿಕೊಂಡಿದೆ. ಆಮೇಲೆ 2:14. ಬೆಳಗಿನ ಹೊತ್ತು 5:14. ಗಂಟೆ ಯಾವುದೇ ಇರಲಿ, ನಿಮಿಷ ಹದಿನಾಲ್ಕೇ. ಗೋಡೆ, ಮಳೆ, ಹಳೇ ಬ್ಯಾಟರಿ ಇವಕ್ಕೆ ಯಾವುದಕ್ಕೂ ಗಡಿಯಾರ ಗೊತ್ತಿಲ್ಲ.

ಗ್ರೂಪ್ ಕೀ ಎಂದರೇನು? ವೈಫೈಯಲ್ಲಿ ಪ್ರತಿ ಸಾಧನಕ್ಕೂ ರೂಟರಿಗೂ ನಡುವೆ ಒಂದೊಂದು ಖಾಸಗಿ ಕೀಲಿ ಇರುತ್ತದೆ. ಅದಲ್ಲದೆ ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಸಂದೇಶಗಳಿಗೆ ಒಂದು ಸಾಮಾನ್ಯ ಕೀಲಿ. ಈ ಸಾಮಾನ್ಯ ಕೀಲಿಯನ್ನು ರೂಟರು ಆಗಾಗ ಬದಲಿಸಿ, ಹೊಸದನ್ನು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ತಲುಪಿಸಿ, ಮುಟ್ಟಿತೆಂಬ ಉತ್ತರಕ್ಕೆ ಕಾಯುತ್ತದೆ. ಮದುವೆಯ ಹೇಳಿಕೆಗೆ ಬಂದವರು ಅಂಗಳದಲ್ಲಿ ನಿಂತು ನಾಲ್ಕು ಸಲ ಕರೆದು, ಒಳಗಿನಿಂದ ಓಗೊಡದಿದ್ದರೆ ಮನೆಯಲ್ಲಿ ಜನವಿಲ್ಲ ಎಂದುಕೊಂಡು ಹೋಗುತ್ತಾರಲ್ಲ, ಹಾಗೆ. ಬಹಳ ರೂಟರುಗಳೊಳಗೆ ಓಡುವ ಹೋಸ್ಟ್‌ಎಪಿಡಿ ತಂತ್ರಾಂಶದಲ್ಲಿ ಈ ಕರೆಯ ಡೀಫಾಲ್ಟ್ ಸಂಖ್ಯೆಯೂ ನಾಲ್ಕೇ, ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ರೂಟರು ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಬೀಕನ್ ಹೊರಡಿಸಿ ಯಾರಿಗೆ ಸಂದೇಶ ಕಾದಿದೆ ಎಂದು ಸಾರುತ್ತದೆ. ನಿದ್ದೆಯಲ್ಲಿರುವ ಫೋನು ಬ್ಯಾಟರಿ ಉಳಿಸಲು ಅವುಗಳಲ್ಲಿ ಎಷ್ಟನ್ನೋ ಕೇಳದೆ ಬಿಡುತ್ತದೆ. ಈ ಫೋನಿನಲ್ಲಿ ಬ್ಯಾಟರಿ ಸೇವರ್ ಬೇರೆ ಕಾಯಂ ಆನ್. ಕರೆ ಕೇಳಿಸದೆ ಹೊರಬಿದ್ದದ್ದು ಸಾಲದೆಂದು, ಸ್ಕ್ರೀನ್ ಹೊತ್ತಿಕೊಳ್ಳುವವರೆಗೆ ತಾನಾಗಿ ವಾಪಸ್ಸು ಸೇರುವ ಗೋಜಿಗೂ ಹೋಗುತ್ತಿಲ್ಲ. ಅಕ್ಕನ ಫೋನು ರಿಂಗಾಗದ ಕಾರಣ ಇದು.

ರೂಟರಿನ ಪುಟ ತೆರೆದು ಭದ್ರತೆಯ ವಿಭಾಗಕ್ಕೆ ಹೋದೆ. ವೈಫೈ ಭದ್ರತೆಯ ಹಳೆಯ ಪದ್ಧತಿ ಡಬ್ಲ್ಯೂಪಿಎ ಮತ್ತು ಅದರ ನಂತರದ ಡಬ್ಲ್ಯೂಪಿಎ2 ಎರಡೂ ಸೇರಿದ ಮಿಕ್ಸೆಡ್ ಮೋಡು, ಎನ್‌ಕ್ರಿಪ್ಷನ್ (ಸಂದೇಶವನ್ನು ಗೂಢವಾಗಿಸುವ ವಿಧಾನ) ಹಳೆಯ ಟಿಕೆಐಪಿ ಮತ್ತು ಹೊಸ ಎಇಎಸ್, ಗ್ರೂಪ್ ಕೀ ಅವಧಿ 3600 ಸೆಕೆಂಡು. ಸರಿಯಾಗಿ ಒಂದು ಗಂಟೆ.

ಆದರೂ ಏನನ್ನೂ ಬದಲಿಸುವ ಮೊದಲು ಒಂದು ಪರೀಕ್ಷೆ ಬೇಕೆನಿಸಿತು. ಈ ಗಂಟೆಯ ಎಣಿಕೆ ರೂಟರು ಎದ್ದ ಹೊತ್ತಿನಿಂದ ಶುರುವಾಗುವಂಥದ್ದು. ನನ್ನ ಊಹೆ ಸರಿಯಾದರೆ ರೂಟರನ್ನು ಬೇರೆ ಹೊತ್ತಿನಲ್ಲಿ ರೀಸ್ಟಾರ್ಟ್ ಮಾಡಿದಾಗ ಹದಿನಾಲ್ಕನೆಯ ನಿಮಿಷ ಮಾಯವಾಗಿ ಬೇರೆ ನಿಮಿಷ ಬರಬೇಕು. 12:40ಕ್ಕೆ ರೀಸ್ಟಾರ್ಟ್ ಮಾಡಿದೆ. ಊಟವಾಗಿ ಆಯಿ ಮಲಗಿದರು, ಫೋನೂ ಪಕ್ಕದಲ್ಲಿ ಮಲಗಿತು. ಲಾಗ್ ತೆಗೆದರೆ 2:41, ರೀಸನ್ 16.

ಸೋಮವಾರ, ಮಂಗಳವಾರ

ಬದಲಾವಣೆ ಎರಡೇ. ಭದ್ರತೆಯನ್ನು ಡಬ್ಲ್ಯೂಪಿಎ2 ಮಾತ್ರ, ಎಇಎಸ್ ಮಾತ್ರ ಎಂದು ಮಾಡಿದೆ. ಗ್ರೂಪ್ ಕೀ ಅವಧಿಯನ್ನು 86,400ಕ್ಕೆ ಏರಿಸಿದೆ.

ಟಿಕೆಐಪಿ ಬಂದದ್ದು 2003ರಲ್ಲಿ, ವೈಫೈಯ ಮೊದಲ ಭದ್ರತಾ ಪದ್ಧತಿ ಡಬ್ಲ್ಯೂಇಪಿ ಮುರಿದುಬಿದ್ದ ಕಾಲದಲ್ಲಿ, ಹಳೆಯ ಯಂತ್ರಾಂಶವನ್ನೇ ಇಟ್ಟುಕೊಂಡು ಹೇಗಾದರೂ ಸಾಗಲಿ ಎಂದು ಮಾಡಿದ ತಾತ್ಕಾಲಿಕ ಏರ್ಪಾಟಾಗಿ. ಮರುವರ್ಷವೇ ಡಬ್ಲ್ಯೂಪಿಎ2 ಬಂತು. 2012ರ ಮಾನದಂಡದಲ್ಲಿ ಟಿಕೆಐಪಿಯನ್ನು ಬಳಕೆಗೆ ಯೋಗ್ಯವಲ್ಲದ ಪಟ್ಟಿಗೆ ಸೇರಿಸಿದರು. ಮಿಕ್ಸೆಡ್ ಮೋಡಿನ ತೊಂದರೆ ಎಂದರೆ, ಸಾಮಾನ್ಯ ಕೀಲಿ ಎಲ್ಲರಿಗೂ ಅರ್ಥವಾಗಬೇಕಾದ್ದರಿಂದ ಅದು ಹಳೆಯ ಟಿಕೆಐಪಿಗೇ ಇಳಿಯುತ್ತದೆ. ಹೋಸ್ಟ್‌ಎಪಿಡಿಯ ಡೀಫಾಲ್ಟೇ ನೋಡಿ: ಎಇಎಸ್ ಇದ್ದರೆ ದಿನಕ್ಕೊಮ್ಮೆ ಕೀಲಿ ಬದಲಾವಣೆ, ಟಿಕೆಐಪಿ ಇದ್ದರೆ ಹತ್ತು ನಿಮಿಷಕ್ಕೊಮ್ಮೆ. ನಮ್ಮ ಮನೆಯಲ್ಲಿ ಟಿಕೆಐಪಿ ಬೇಕಾದ ಸಾಧನ ಒಂದೂ ಇಲ್ಲ. ಫೈಬರ್ ಎಳೆದವರು ಏನೂ ತಕರಾರು ಬರದಿರಲಿ ಎಂದು ಎಲ್ಲದಕ್ಕೂ ಒಗ್ಗುವ ಮೋಡಿಗೆ ಹಾಕಿ ಹೋಗಿರಬೇಕು.

ಅವಧಿಗೆ ಸೊನ್ನೆ ಹಾಕಿ ಕೀಲಿ ಬದಲಾವಣೆಯನ್ನೇ ನಿಲ್ಲಿಸುವ ದಾರಿಯೂ ಇದೆ. ನನಗೆ ಅದು ಸರಿಬರಲಿಲ್ಲ. ಹಬ್ಬಕ್ಕೆ ಬಂದು ಪಾಸ್‌ವರ್ಡ್ ಕೇಳಿದವರ ಫೋನಿಗೆಲ್ಲ ಆ ಕೀಲಿ ಹೋಗಿರುತ್ತದೆ, ದಿನಕ್ಕೊಮ್ಮೆಯಾದರೂ ಬದಲಾಗಲಿ. ದಿನಕ್ಕೊಮ್ಮೆ ಎಂದರೆ ಆಗಲೂ ಒಂದು ಸಲ ಬೀಳುವ ಸಂಭವ ಇದ್ದೇ ಇದೆ. ಅದಕ್ಕೆಂದೇ ರೂಟರನ್ನು ಬೆಳಿಗ್ಗೆ ಎಂಟೂವರೆಗೆ ರೀಸ್ಟಾರ್ಟ್ ಮಾಡಿದೆ. ದೋಸೆ ಎರೆಯುತ್ತ ಆಯಿ ಭಜನೆ ಹಾಕಿಕೊಳ್ಳುವ ಹೊತ್ತದು, ಫೋನು ಎಚ್ಚರವಿರುತ್ತದೆ.

ಜೊತೆಗೆ ಬ್ಯಾಟರಿ ಸೇವರ್ ತೆಗೆದೆ, ವಾಟ್ಸ್ಯಾಪನ್ನು ಬ್ಯಾಟರಿ ಆಪ್ಟಿಮೈಸೇಷನ್ ಪಟ್ಟಿಯಿಂದ ಹೊರಗಿಟ್ಟೆ. ಇವನ್ನು ರೂಟರಿನ ಬದಲಾವಣೆಯ ಮರುದಿನ ಮಾಡಿದೆ, ಮೊದಲನೆಯದರ ಫಲ ಬೇರೆಯಾಗಿ ಕಾಣಲಿ ಎಂದು. ನಡುವಿನ ರಾತ್ರಿಯ ಲಾಗಿನಲ್ಲಿ ರೀಸನ್ 16 ಇರಲಿಲ್ಲ.

ಗುರುವಾರ

ಮಳೆಯ ರೋಗಕ್ಕೆ ಬಂದೆ. ಆಂಡ್ರಾಯ್ಡ್ ವೈಫೈ ಸೇರಿದೊಡನೆ ಗೂಗಲಿನ ಒಂದು ವಿಳಾಸಕ್ಕೆ ಸಣ್ಣ ವಿನಂತಿ ಕಳಿಸಿ 204 ಎಂಬ ಖಾಲಿ ಉತ್ತರ ಬರುತ್ತದೆಯೇ ನೋಡುತ್ತದೆ. ಬರದಿದ್ದರೆ ಕನೆಕ್ಟೆಡ್, ನೋ ಇಂಟರ್ನೆಟ್. ಆಮೇಲೆ "ವೈಫೈ ಸರಿಯಿಲ್ಲದಿದ್ದರೆ ಮೊಬೈಲ್ ಡೇಟಾಕ್ಕೆ ಹೋಗು" ಎಂಬ ಸೆಟ್ಟಿಂಗ್ ಆನ್ ಇದ್ದರೆ ಅತ್ತ ಓಡುತ್ತದೆ. ನಮ್ಮ ಕಣಿವೆಯಲ್ಲಿ ಅತ್ತ ಏನೂ ಇಲ್ಲ. ಆ ಸೆಟ್ಟಿಂಗನ್ನು ತೆಗೆದೆ.

ಮೂಲ ಇರುವುದು ಫೈಬರಿನಲ್ಲಿ. ರೂಟರಿನ ಪುಟದಲ್ಲಿ ಆಪ್ಟಿಕಲ್ ಪವರ್, ಅಂದರೆ ಫೈಬರಿನಲ್ಲಿ ಬಂದು ಸೇರುವ ಬೆಳಕಿನ ಬಲ, ನೋಡಿದರೆ -26.6 ಡಿಬಿಎಂ. ಸಾಮಾನ್ಯವಾಗಿ ಬಳಸುವ ಬಿ ಪ್ಲಸ್ ದರ್ಜೆಯ ಜಿಪಾನಿನಲ್ಲಿ (ಮನೆಗಳಿಗೆ ಫೈಬರ್ ಹಂಚುವ ಪದ್ಧತಿ) ಮನೆಯ ಪೆಟ್ಟಿಗೆಗೆ ನಿಗದಿಯಾದ ಕೆಳಮಿತಿ -27. ಅಂಚಿನ ಮೇಲೆ ನಿಂತಿದೆ. ಗಾಳಿಗೆ ವೈರು ತೂಗಿ ಇನ್ನಷ್ಟು ಬಳುಕಿದರೆ ಮುಗಿಯಿತು, ಕೆಂಪು ದೀಪ. ತೋಟದ ದಾರಿಗುಂಟ ವೈರಿನ ಹಿಂದೆಯೇ ನಡೆದೆ. ಸೋಗೆಯೊಂದು ವೈರಿನ ಮೇಲೆ ಬಿದ್ದು, ಕಂಬದ ಹತ್ತಿರ ಅದು ಮೊಣಕೈಯಂತೆ ಮಡಚಿಕೊಂಡಿತ್ತು. ಫೈಬರು ತೀರಾ ಬಾಗಿದ ಕಡೆ ಬೆಳಕು ಗಾಜಿನೆಳೆಯೊಳಗೆ ನಿಲ್ಲದೆ ಹೊರಗೆ ಸೋರುತ್ತದೆ. ಕೇಬಲ್ಲಿನ ಹುಡುಗ ಬಂದು ಆ ತುಂಡನ್ನು ಕತ್ತರಿಸಿ ಹೊಸದಾಗಿ ಸ್ಪ್ಲೈಸ್ ಮಾಡಿದ. ಈಗ -21.3.

ಮುಂದಿನ ಕೆಲಸ

ಕೊಟ್ಟಿಗೆ ಬಾಕಿ. ಹಾಲು ಕರೆಯುವ ಹೊತ್ತಿಗೆ ಆಯಿ ಅಲ್ಲೇ ಇರುತ್ತಾರೆ, ಫೋನು ಬರುವುದೂ ಆಗಲೇ. ರಿಪೀಟರ್ ಬೇಡ, ಬಚ್ಚಲಿನ -80ರಿಂದ ಏನನ್ನು ಎತ್ತಿ ಮುಂದೆ ಕೊಡುತ್ತದೆ? ಜಗಲಿಯಿಂದ ಕೇಬಲ್ ಎಳೆದು ವೈಫೈ ಹರಡುವ ಇನ್ನೊಂದು ಪೆಟ್ಟಿಗೆ, ಆಕ್ಸೆಸ್ ಪಾಯಿಂಟ್, ಇಡಬೇಕು. ಲ್ಯಾನ್ ಕೇಬಲ್ಲಿಗೆ 100 ಮೀಟರ್ ತನಕ ಅವಕಾಶವಿದೆ, ನಮಗೆ ಅದರ ಅರ್ಧವೂ ಬೇಡ. ಆದರೆ ಅಂಗಳ ದಾಟುವ ತಾಮ್ರದ ತಂತಿ ಎಂದರೆ ಇಲ್ಲಿಯ ಸಿಡಿಲಿಗೆ ರೂಟರನ್ನು ಒಪ್ಪಿಸಿದ ಹಾಗೆ. ತಾಮ್ರದ ಸಂಕೇತವನ್ನು ಬೆಳಕಿಗೆ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್ ಹಾಕಿ ನಡುವೆ ಫೈಬರ್ ಎಳೆಯುವುದು ಖರ್ಚಿನ ಬಾಬತ್ತು, ಆದರೆ ಅದೇ ಸರಿ ಎನಿಸುತ್ತಿದೆ. ಕೇಬಲ್ಲಿನ ಹುಡುಗನ ಹತ್ತಿರ ಉಳಿದ ತುಂಡು ಇದೆಯೇ ಎಂದು ಕೇಳಿಟ್ಟಿದ್ದೇನೆ.