ಪ್ಲಗಿನ್ ಹೆಲ್ಪರ್ ಟೆಸ್ಟ್ ಬಿದ್ದರೆ ಮೊದಲು ಹೆಲ್ಪರ್ ಮುಟ್ಟಬೇಡಿ

ಕೇಕ್‌ಪಿಎಚ್‌ಪಿ ಎಂಬ ಪಿಎಚ್‌ಪಿ ವೆಬ್ ಫ್ರೇಮ್‌ವರ್ಕ್‌ನಲ್ಲಿ ವ್ಯೂ ಹೆಲ್ಪರ್, ಅಂದರೆ ಪುಟದ ತುಣುಕು ಕಟ್ಟಿಕೊಡುವ ಕ್ಲಾಸ್, ಬರೆಯುವುದು ದೊಡ್ಡ ಕೆಲಸವಲ್ಲ. ಒಂದಿಷ್ಟು ಡೇಟಾ ಒಳಗೆ ಹೋಗುತ್ತದೆ, ಎಚ್‌ಟಿಎಂಎಲ್ ತುಣುಕು ಹೊರಗೆ ಬರುತ್ತದೆ. ಅದೇ ಹೆಲ್ಪರ್ ಪ್ಲಗಿನ್ (ಅಪ್ಲಿಕೇಶನ್‌ಗೆ ಸೇರಿಸಿಕೊಳ್ಳುವ ಪ್ರತ್ಯೇಕ ಕೋಡ್ ಕಟ್ಟು) ಒಳಗೆ ಸೇರಿದ ಮೇಲೆ ಟೆಸ್ಟ್ ಹಟ ಹಿಡಿಯುತ್ತದೆ. ಬ್ರೌಸರ್‌ನಲ್ಲಿ ಸರಿಯಿದ್ದ ಲಿಂಕ್ ಟೆಸ್ಟ್‌ನಲ್ಲಿ ಬೀಳುತ್ತದೆ. ಇನ್ನೂ ಕೆಟ್ಟದ್ದೆಂದರೆ ಟೆಸ್ಟ್ ಹಸಿರಾಗಿದ್ದು (ಪಾಸ್ ಆಗಿದ್ದು) ಲೈವ್ ಸೈಟ್‌ನಲ್ಲಿ ಲಿಂಕ್ ಮುರಿದಿರುತ್ತದೆ. ಇಂಥಲ್ಲಿ ಹೆಲ್ಪರ್ ಕೋಡ್ ಕೆದಕುತ್ತ ಕೂತರೆ ಹೊತ್ತು ಹೋಗುವುದೇ ಹೆಚ್ಚು. ತಪ್ಪು ಬಹಳ ಸಲ ಇರುವುದು ಟೆಸ್ಟ್ ಆ ಹೆಲ್ಪರ್‌ಗೆ ಕಟ್ಟಿಕೊಟ್ಟ ಪರಿಸರದಲ್ಲಿ: ಯಾವ ರಿಕ್ವೆಸ್ಟ್ (ಬ್ರೌಸರ್ ಕೇಳಿದ ಪುಟದ ವಿವರ) ಇದೆ, ಯಾವ ರೂಟ್ (ವಿಳಾಸವನ್ನು ಕೋಡ್‌ಗೆ ಜೋಡಿಸುವ ನಿಯಮ) ಇದೆ, ಪ್ಲಗಿನ್ ಲೋಡ್ ಆಗಿದೆಯೇ, ಲೊಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ಯಾವುದು. ಕೆಳಗಿನ ಮಾತೆಲ್ಲ 4 ಮತ್ತು 5ನೇ ಆವೃತ್ತಿಗಳದ್ದು. ಉದಾಹರಣೆಗೆ ಬ್ಲಾಗ್ ಎಂಬ ಪ್ಲಗಿನ್, ಅದರಲ್ಲಿ ಕಾರ್ಡ್ ಎಂಬ ಹೆಲ್ಪರ್ ಇದೆ ಅಂದುಕೊಳ್ಳಿ.

ಟೆಸ್ಟ್ ನಿಜವಾಗಿ ಓಡುತ್ತಿದೆಯೇ ಅನ್ನುವುದು ಮೊದಲ ಪ್ರಶ್ನೆ. ಟೆಸ್ಟ್ ಓಡಿಸುವ ಸಾಧನ ಪಿಎಚ್‌ಪಿಯುನಿಟ್; ಅಪ್ಲಿಕೇಶನ್‌ನಲ್ಲಿರುವ ಅದರ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಅಪ್ಲಿಕೇಶನ್‌ನ ಸ್ವಂತ ಟೆಸ್ಟ್ ಫೋಲ್ಡರ್ ಮಾತ್ರ ಇರುತ್ತದೆ. ಪ್ಲಗಿನ್ ಫೋಲ್ಡರನ್ನು ನಾವೇ ಬೇರೆ ಟೆಸ್ಟ್ ಸೂಟ್ ಆಗಿ ಸೇರಿಸಬೇಕು. ಫೈಲ್ ಹೆಸರು ಟೆಸ್ಟ್ ಎಂದು ಮುಗಿಯದಿದ್ದರೆ, ಮೆಥಡ್ ಹೆಸರು ಟೆಸ್ಟ್ ಎಂದು ಶುರುವಾಗದಿದ್ದರೆ, ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ನಿರೀಕ್ಷಿತ ಉತ್ತರದಲ್ಲಿ ಬೇಕೆಂದೇ ಒಂದು ಅಕ್ಷರ ಕೆಡಿಸಿ ಓಡಿಸಿ. ಕೆಂಪಾಗದಿದ್ದರೆ ಆ ಟೆಸ್ಟ್ ಲೆಕ್ಕದಲ್ಲೇ ಇಲ್ಲ.

ಮಿಸ್ಸಿಂಗ್ ಹೆಲ್ಪರ್ ಎಕ್ಸೆಪ್ಷನ್ (ಹೆಲ್ಪರ್ ಸಿಗಲಿಲ್ಲ ಎಂಬ ದೋಷ) ಬಂದರೆ ಎಲ್ಲರೂ ಪ್ಲಗಿನ್ ಲೋಡ್ ಮಾಡುವ ಸಾಲು ಹುಡುಕುತ್ತಾರೆ. ಆದರೆ ಹೆಲ್ಪರ್ ಕ್ಲಾಸ್ ಸಿಗಲು ಪ್ಲಗಿನ್ ಲೋಡ್ ಆಗಿರಬೇಕೆಂದಿಲ್ಲ, ಪಿಎಚ್‌ಪಿ ಪ್ಯಾಕೇಜ್ ನಿಭಾಯಿಸುವ ಕಂಪೋಸರ್‌ನ ಆಟೊಲೋಡ್‌ಗೆ (ಕ್ಲಾಸ್ ಫೈಲನ್ನು ತಾನೇ ಹುಡುಕಿ ತರುವ ವ್ಯವಸ್ಥೆಗೆ) ಪ್ಲಗಿನ್‌ನ ನೇಮ್‌ಸ್ಪೇಸ್ ಗೊತ್ತಿದ್ದರೆ ಸಾಕು. ಕಂಪೋಸರ್ ಫೈಲ್‌ನ ಆಟೊಲೋಡ್ ವಿಭಾಗದಲ್ಲಿ ಪ್ಲಗಿನ್‌ನ ಸೋರ್ಸ್ ಫೋಲ್ಡರ್, ಆಟೊಲೋಡ್-ಡೆವ್ ವಿಭಾಗದಲ್ಲಿ ಟೆಸ್ಟ್ ಫೋಲ್ಡರ್ ಇದೆಯೇ ನೋಡಿ, ಬಳಿಕ ಡಂಪ್-ಆಟೊಲೋಡ್ ಓಡಿಸಿ. ತಮ್ಮ ಮ್ಯಾಕ್‌ನಲ್ಲಿ ಪಾಸ್ ಆಗಿ ಲಿನಕ್ಸ್ ಸಿಐನಲ್ಲಿ (ಕೋಡ್ ಸೇರಿಸಿದಾಗಲೆಲ್ಲ ಟೆಸ್ಟನ್ನು ತಾನಾಗಿ ಓಡಿಸುವ ಸರ್ವರ್‌ನಲ್ಲಿ) ಮಾತ್ರ ಬೀಳುತ್ತಿದ್ದರೆ ಫೈಲ್ ಹೆಸರಿನ ಕ್ಯಾಪಿಟಲ್ ಅಕ್ಷರ ನೋಡಿ. ಮ್ಯಾಕ್‌ನ ಡಿಸ್ಕ್ ಮಾಮೂಲಿಯಾಗಿ ದೊಡ್ಡ-ಸಣ್ಣ ಅಕ್ಷರದ ಭೇದ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ.

ಹಾಗಾದರೆ ಪ್ಲಗಿನ್ ಲೋಡ್ ಮಾಡುವುದು ಯಾತಕ್ಕೆ? ಎಲಿಮೆಂಟ್ (ಮತ್ತೆ ಮತ್ತೆ ಬಳಸುವ ಪುಟದ ತುಣುಕು), ಟೆಂಪ್ಲೇಟ್, ಸಿಎಸ್‌ಎಸ್, ಚಿತ್ರಗಳಿಗೆ. ಹೆಲ್ಪರ್ ಒಳಗೆ ಎಚ್‌ಟಿಎಂಎಲ್ ಹೆಲ್ಪರ್‌ನ ಸಿಎಸ್‌ಎಸ್ ಮೆಥಡ್‌ಗೆ ‘ಬ್ಲಾಗ್.ಸ್ಟೈಲ್’ ಅಂತ ಕೊಟ್ಟಿದ್ದೀರಿ ಅನ್ನಿ. ಬ್ಲಾಗ್ ಪ್ಲಗಿನ್ ಲೋಡ್ ಆಗಿದ್ದರೆ ಫ್ರೇಮ್‌ವರ್ಕ್ ಆ ಚುಕ್ಕೆಯ ಹತ್ತಿರ ಹೆಸರನ್ನು ಒಡೆಯುತ್ತದೆ, ವಿಳಾಸ ಬ್ಲಾಗ್ ಫೋಲ್ಡರ್‌ನಿಂದ ಶುರುವಾಗುತ್ತದೆ. ಲೋಡ್ ಆಗಿರದಿದ್ದರೆ ಒಡೆಯುವುದೇ ಇಲ್ಲ. ಇಡೀ ‘ಬ್ಲಾಗ್.ಸ್ಟೈಲ್’ ಒಂದೇ ಫೈಲ್ ಹೆಸರೆಂದು ತಿಳಿದು ಅಪ್ಲಿಕೇಶನ್‌ನ ಸಿಎಸ್‌ಎಸ್ ಫೋಲ್ಡರ್‌ನ ವಿಳಾಸ ಕೊಡುತ್ತದೆ. ಎಕ್ಸೆಪ್ಷನ್ ಇಲ್ಲ, ಎಚ್ಚರಿಕೆ ಇಲ್ಲ. ಫೇಲ್ ಆದ ಟೆಸ್ಟ್‌ನ ಔಟ್‌ಪುಟ್‌ನಲ್ಲಿ ಚುಕ್ಕೆ ಹಾಗೇ ಉಳಿದಿದ್ದರೆ ಪ್ರತಿ ಟೆಸ್ಟ್‌ಗೂ ಮೊದಲು ಓಡುವ ಸೆಟಪ್ ಮೆಥಡ್‌ನಲ್ಲಿ ಲೋಡ್‌ಪ್ಲಗಿನ್ಸ್ ಕರೆ ಇಲ್ಲವೆಂದೇ ಅರ್ಥ.

ಸೆಟಪ್‌ನಲ್ಲಿ ‘ನ್ಯೂ’ ಹಾಕಿ ಹೆಲ್ಪರನ್ನು ನೇರವಾಗಿ ಕಟ್ಟುವುದು ವಾಡಿಕೆ. ತಪ್ಪೇನಿಲ್ಲ. ಆದರೂ ಒಂದೇ ಒಂದು ಟೆಸ್ಟ್‌ನಲ್ಲಾದರೂ ವ್ಯೂನ ಲೋಡ್‌ಹೆಲ್ಪರ್ ಮೂಲಕ, ‘ಬ್ಲಾಗ್.ಕಾರ್ಡ್’ ಎಂಬ ಚುಕ್ಕೆಯ ಹೆಸರಿನಿಂದಲೇ ಕರೆಯಿರಿ. ಬಳಸುವವರು ಕರೆಯುವುದು ಹಾಗೆಯೇ ತಾನೆ.

ಈಗ ಲಿಂಕ್‌ನ ವಿಷಯ. ಹೆಚ್ಚು ಜನ ಸಿಕ್ಕಿಬೀಳುವ ಜಾಗ ಇದು. ಕಾರ್ಡ್ ಹೆಲ್ಪರ್ ಒಂದು ಲಿಂಕ್ ಮಾಡುತ್ತದೆ: ಕಂಟ್ರೋಲರ್ (ರಿಕ್ವೆಸ್ಟ್‌ಗೆ ಉತ್ತರಿಸುವ ಕ್ಲಾಸ್) ಪೋಸ್ಟ್ಸ್, ಆ್ಯಕ್ಷನ್ (ಅದರ ಮೆಥಡ್) ಇಂಡೆಕ್ಸ್. ಪ್ಲಗಿನ್ ಯಾವುದೆಂದು ಅರೇನಲ್ಲಿ ಬರೆದಿಲ್ಲ. ಬರೆಯದ ಭಾಗಗಳನ್ನು ವಿಳಾಸ ಕಟ್ಟುವ ರೂಟರ್ ಸದ್ಯದ ರಿಕ್ವೆಸ್ಟ್‌ನಿಂದ ತುಂಬಿಕೊಳ್ಳುತ್ತದೆ. ಬ್ಲಾಗ್ ಪ್ಲಗಿನ್‌ನದೇ ಪುಟದಲ್ಲಿದ್ದರೆ ಲಿಂಕ್ /ಬ್ಲಾಗ್/ಪೋಸ್ಟ್ಸ್ ಆಗುತ್ತದೆ, ಅಪ್ಲಿಕೇಶನ್‌ನ ಮುಖಪುಟದಲ್ಲಿದ್ದರೆ ಬರೀ /ಪೋಸ್ಟ್ಸ್. ಅಪ್ಲಿಕೇಶನ್‌ನಲ್ಲಿ ಫಾಲ್‌ಬ್ಯಾಕ್ ರೂಟ್ (ಯಾವ ಕಂಟ್ರೋಲರ್ ಹೆಸರಿಗೂ ಒಪ್ಪುವ ಸಾಮಾನ್ಯ ನಿಯಮ) ಇದ್ದರೆ ಸದ್ದಿಲ್ಲದೆ 404ಗೆ ಹೋಗುವ ಲಿಂಕ್ ಹುಟ್ಟುತ್ತದೆ, ಇಲ್ಲದಿದ್ದರೆ ಮಿಸ್ಸಿಂಗ್ ರೂಟ್ ಎಕ್ಸೆಪ್ಷನ್. ಟೆಸ್ಟ್ ಬರೆದವರು ರಿಕ್ವೆಸ್ಟ್‌ನಲ್ಲಿ ಪ್ಲಗಿನ್ ಬ್ಲಾಗ್ ಎಂದೇ ಇಟ್ಟಿದ್ದರೆ ಟೆಸ್ಟ್‌ಗೆ ಇದು ಎಂದೂ ಕಾಣುವುದಿಲ್ಲ.

ಪರಿಹಾರ ಹೆಲ್ಪರ್‌ನಲ್ಲಿ ಒಂದು ಸಾಲು: ಪ್ಲಗಿನ್ ಕೀಯನ್ನೂ ಪ್ರಿಫಿಕ್ಸ್ (ವಿಳಾಸದ ಮುಂದೆ ಸೇರುವ ‘ಅಡ್ಮಿನ್’ನಂಥ ವಿಭಾಗ) ಕೀಯನ್ನೂ ಸ್ಪಷ್ಟವಾಗಿ ಬರೆಯುವುದು, ಪ್ರಿಫಿಕ್ಸ್ ಬೇಡದಿದ್ದರೆ ಫಾಲ್ಸ್ ಎಂದು. ಟೆಸ್ಟ್‌ನಲ್ಲಿ ಎರಡು ರಿಕ್ವೆಸ್ಟ್ ಬೇಕು. ಒಂದರಲ್ಲಿ ಪ್ಲಗಿನ್ ಬ್ಲಾಗ್, ಇನ್ನೊಂದರಲ್ಲಿ ನಲ್ (ಪ್ಲಗಿನ್ ಇಲ್ಲ). ಎರಡರಲ್ಲೂ ಒಂದೇ ವಿಳಾಸ ಬರಬೇಕು. ಇಲ್ಲಿ ಇನ್ನೊಂದು ಎಡವುಗಲ್ಲಿದೆ: ರಿಕ್ವೆಸ್ಟನ್ನು ವ್ಯೂಗೆ ಕೊಟ್ಟರೆ ರೂಟರ್‌ಗೆ ತಾನಾಗಿ ತಲುಪುವುದಿಲ್ಲ. ರೂಟರ್‌ನ ಸೆಟ್‌ರಿಕ್ವೆಸ್ಟ್ ಬೇರೆಯಾಗಿ ಕರೆಯಬೇಕು. ಬರೀ ವ್ಯೂಗೆ ಕೊಟ್ಟು ‘ಎರಡೂ ಕಡೆ ಒಂದೇ ಉತ್ತರ, ಸರಿಯಿದೆ’ ಅಂದುಕೊಂಡರೆ ಮೋಸ ಹೋದಂತೆ.

ರೂಟ್‌ಗಳನ್ನು ಟೆಸ್ಟ್‌ನಲ್ಲಿ ಕೈಯಿಂದ ಕಟ್ಟುವಾಗಲೂ ಎರಡು ಮಾತು. ಪೇರೆಂಟ್ ಸೆಟಪ್ (ಫ್ರೇಮ್‌ವರ್ಕ್‌ನ ಟೆಸ್ಟ್ ಕ್ಲಾಸ್‌ನ ಸೆಟಪ್) ರೂಟರನ್ನು ಖಾಲಿ ಮಾಡುತ್ತದೆ, ಹಾಗಾಗಿ ರೂಟ್‌ಗಳು ಅದಾದ ಮೇಲೆಯೇ. ಮತ್ತು ವಿಳಾಸವನ್ನು ಸಣ್ಣಕ್ಷರಕ್ಕೆ ಇಳಿಸುವ ಡ್ಯಾಶ್ಡ್ ರೂಟ್ ಕ್ಲಾಸ್ ಹೇಳಲು ಮರೆತರೆ ವಿಳಾಸದಲ್ಲಿ ಪೋಸ್ಟ್ಸ್‌ನ ಮೊದಲ ಅಕ್ಷರ ಕ್ಯಾಪಿಟಲ್ ಆಗಿಯೇ ಉಳಿಯುತ್ತದೆ. ಹೊಸ ಅಪ್ಲಿಕೇಶನ್‌ನ ರೂಟ್ಸ್ ಫೈಲ್‌ನಲ್ಲಿ ಆ ಕ್ಲಾಸ್ ಮೊದಲೇ ಹೇಳಿರುವುದರಿಂದ ಬ್ರೌಸರ್‌ನಲ್ಲಿ ಸಣ್ಣಕ್ಷರ ಕಾಣುತ್ತದೆ. ಈ ವ್ಯತ್ಯಾಸ ಕಂಡು ನಿರೀಕ್ಷಿತ ಉತ್ತರವನ್ನೇ ಕ್ಯಾಪಿಟಲ್‌ಗೆ ತಿದ್ದಿ ಹಸಿರು ಮಾಡಿದ ಟೆಸ್ಟ್ ಇದ್ದೂ ಇಲ್ಲದಂತೆ.

ಔಟ್‌ಪುಟ್ ಹೋಲಿಸಲು ಸ್ಟ್ರಿಂಗ್ ಹೋಲಿಕೆಗಿಂತ ಕೇಕ್‌ಪಿಎಚ್‌ಪಿಯ ಅಸರ್ಟ್‌ಎಚ್‌ಟಿಎಂಎಲ್ ಮೆಥಡ್ ವಾಸಿ. ಅಟ್ರಿಬ್ಯೂಟ್‌ಗಳ ಕ್ರಮ ಬದಲಾದರೆ ಅದು ಗಲಾಟೆ ಮಾಡುವುದಿಲ್ಲ, ಬಿದ್ದಾಗ ಎಷ್ಟನೇ ಐಟಂನಲ್ಲಿ ಬಿತ್ತೆಂದು ಹೇಳುತ್ತದೆ. ಕನಿಷ್ಠ ಒಂದು ಟೆಸ್ಟ್‌ನ ಶೀರ್ಷಿಕೆಯಲ್ಲಿ ‘ಅ & ಆ’ ಥರದ ಪಠ್ಯ ಇರಲಿ. ಲಿಂಕ್ ಮೆಥಡ್ ಶೀರ್ಷಿಕೆಯನ್ನು ತಾನೇ ಎಸ್ಕೇಪ್ ಮಾಡುತ್ತದೆ, ಅಂದರೆ ವಿಶೇಷ ಚಿಹ್ನೆಗಳನ್ನು ಎಚ್‌ಟಿಎಂಎಲ್ ಸಂಕೇತಕ್ಕೆ ಬದಲಿಸುತ್ತದೆ. ಹೆಲ್ಪರ್ ಅದಕ್ಕೂ ಮೊದಲು ಒಮ್ಮೆ ಎಸ್ಕೇಪ್ ಮಾಡಿದ್ದರೆ ಪುಟದ ಮೇಲೆ &ಆ್ಯಂಪ್; ಅಂತ ಅಕ್ಷರಶಃ ಕಾಣುತ್ತದೆ. ಬರೀ ‘ಟೆಸ್ಟ್ ಟೈಟಲ್’ ಅಂತ ಕೊಟ್ಟರೆ ಇದು ಯಾವತ್ತೂ ಸಿಕ್ಕುವುದಿಲ್ಲ.

ಒಂಟಿಯಾಗಿ ಓಡಿಸಿದರೆ ಪಾಸ್, ಎಲ್ಲದರ ಜೊತೆ ಓಡಿಸಿದರೆ ಫೇಲ್ ಆಗುವ ಟೆಸ್ಟ್‌ಗೆ ಕಾರಣ ಬೇರೊಂದು ಟೆಸ್ಟ್ ಬಿಟ್ಟುಹೋದ ಕಸ. ಕಾನ್ಫಿಗರ್ (ಅಪ್ಲಿಕೇಶನ್‌ನ ಸೆಟ್ಟಿಂಗ್) ಮೌಲ್ಯಗಳನ್ನು ಪೇರೆಂಟ್ ಸೆಟಪ್ ತೆಗೆದಿಟ್ಟುಕೊಂಡು, ಟೆಸ್ಟ್ ಮುಗಿದ ಮೇಲೆ ಓಡುವ ಟಿಯರ್‌ಡೌನ್‌ನಲ್ಲಿ ವಾಪಸ್ ಇಡುತ್ತದೆ. ಸೆಟಪ್ ಬರೆದು ಪೇರೆಂಟನ್ನು ಕರೆಯಲು ಮರೆತ ಕ್ಲಾಸ್ ಎಲ್ಲಿದೆ ಹುಡುಕಿ. ಪಿಎಚ್‌ಪಿಯುನಿಟ್ ಅನ್ನು ರ‍್ಯಾಂಡಮ್ ಕ್ರಮದಲ್ಲಿ ಓಡಿಸಿದರೆ ಅದು ಒಂದು ಸೀಡ್ ಸಂಖ್ಯೆ ತೋರಿಸುತ್ತದೆ. ಅದೇ ಸಂಖ್ಯೆ ಕೊಟ್ಟು ಮತ್ತೆ ಓಡಿಸಿದರೆ ಅದೇ ಕ್ರಮ ಮರಳಿ ಸಿಗುತ್ತದೆ. ‘ಈಗ’ ಎಂಬ ಸಮಯವನ್ನು ಸೆಟ್‌ಟೆಸ್ಟ್‌ನೌ ಮೂಲಕ ನಿಲ್ಲಿಸಿದ್ದರೆ ಟಿಯರ್‌ಡೌನ್‌ನಲ್ಲಿ ನಲ್ ಕೊಟ್ಟು ಬಿಡಿಸಿ.

ಇನ್ನು ಎರಡು ಸಾಲು ಒಂದೇ ಥರ ಕಂಡರೂ ಬೀಳುವ ಟೆಸ್ಟ್. ನಿರೀಕ್ಷೆ ‘3:30 ಪಿಎಂ’, ಬಂದದ್ದೂ ‘3:30 ಪಿಎಂ’. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಬಂದ ಸ್ಟ್ರಿಂಗನ್ನು, ಬೈಟ್‌ಗಳನ್ನು ಹೆಕ್ಸ್ ಸಂಖ್ಯೆಯಲ್ಲಿ ತೋರಿಸುವ ಬಿನ್2ಹೆಕ್ಸ್ ಫಂಕ್ಷನ್‌ಗೆ ಕೊಟ್ಟು ನೋಡಿ. ಮಾಮೂಲಿ ಸ್ಪೇಸ್ ಆದರೆ 20 ಇರಬೇಕು. ಅಲ್ಲಿ ಇ2 80 ಎಎಫ್ ಕಂಡರೆ ಅದು ಯು+202ಎಫ್, ಅಂದರೆ ಸಾಲು ಮುರಿಯಲು ಬಿಡದ ಕಿರಿದಾದ ಸ್ಪೇಸ್. 2022ರಲ್ಲಿ ಬಂದ ಸಿಎಲ್‌ಡಿಆರ್ 42 (ಭಾಷೆ-ಪ್ರದೇಶಗಳ ಬರವಣಿಗೆ ಪದ್ಧತಿಗಳ ದತ್ತಾಂಶ), ಅದನ್ನು ಒಳಗೊಂಡ ಐಸಿಯು 72 (ಲೊಕೇಲ್‌ಗೆ ತಕ್ಕಂತೆ ಸಮಯ ಬರೆಯಲು ಪಿಎಚ್‌ಪಿ ಬಳಸುವ ಲೈಬ್ರರಿ), ಇಂಗ್ಲಿಷ್ ಸಮಯದಲ್ಲಿ ಎಎಂ-ಪಿಎಂಗೆ ಮುಂಚೆ ಈ ಅಕ್ಷರ ತಂದಿಟ್ಟವು. ಒಂದು ಯಂತ್ರದಲ್ಲಿ ಹಳೆಯ ಐಸಿಯು, ಸಿಐ ಇಮೇಜ್‌ನಲ್ಲಿ ಹೊಸದು ಇದ್ದರೆ ಕೋಡ್ ಒಂದಕ್ಷರ ಬದಲಾಗದೆಯೂ ಟೆಸ್ಟ್ ಬೀಳುತ್ತದೆ. ಐಸಿಯು ಆವೃತ್ತಿ ಪಿಎಚ್‌ಪಿಯ ಮಾಹಿತಿ ಪಟ್ಟಿಯ ಇಂಟಲ್ ವಿಭಾಗದಲ್ಲಿದೆ. ಹೆಲ್ಪರ್‌ಗೆ ಸ್ಥಿರ ರೂಪವೇ ಬೇಕಿದ್ದರೆ ಪ್ಯಾಟರ್ನ್ (ಸಮಯ ಬರೆಯುವ ಮಾದರಿ) ಕೈಯಾರೆ ಕೊಡಿ, ಆಗ ನಾವು ಬರೆದ ಸ್ಪೇಸ್ ಹಾಗೇ ಉಳಿಯುತ್ತದೆ. ಲೊಕೇಲ್‌ಗೆ ತಕ್ಕಂತೆ ಬದಲಾಗುವುದೇ ಉದ್ದೇಶವಾದರೆ ಟೆಸ್ಟ್‌ನಲ್ಲಿ ಹೋಲಿಸುವ ಮೊದಲು ಆ ಸ್ಪೇಸನ್ನು ಮಾಮೂಲಿ ಸ್ಪೇಸ್‌ಗೆ ಬದಲಿಸಿ, ಹೆಲ್ಪರ್‌ನಲ್ಲಿ ಬೇಡ. ಅಪ್ಲಿಕೇಶನ್‌ನ ಬೂಟ್‌ಸ್ಟ್ರ್ಯಾಪ್ (ಶುರುವಿನಲ್ಲಿ ಓಡುವ ಫೈಲ್) ಡೀಫಾಲ್ಟ್ ಲೊಕೇಲ್ ಮತ್ತು ಟೈಮ್‌ಝೋನ್ ಇಡುತ್ತದೆ, ಪ್ಲಗಿನ್ ಒಂಟಿಯಾಗಿ ಓಡುವಾಗ ಅವೆರಡೂ ಯಂತ್ರದ ಪಾಲು. ಪ್ಲಗಿನ್‌ನ ಟೆಸ್ಟ್ ಬೂಟ್‌ಸ್ಟ್ರ್ಯಾಪ್ ಫೈಲ್‌ನಲ್ಲಿ ಎರಡನ್ನೂ ಬರೆದಿಡಿ.