ಒಗ್ಗರಣೆ ತಿಂದ, ಮಲಗಿದ

ಕಳೆದ ಭಾನುವಾರ ರಾತ್ರಿ ಅವ್ವ ನನ್ನ ಕೈಯಿಂದ ಫೋನ್ ಕಸಿದುಕೊಂಡು ಅಕ್ಕನಿಗೆ ಹೇಳಿದ ಮಾತು ಇದು: "ಅವನು ಹೇಳುವುದನ್ನೆಲ್ಲ ನಂಬಬೇಡ. ಒಗ್ಗರಣೆ ತಿಂದ, ಮಲಗಿದ. ಅಷ್ಟೇ ಅವನ ವಾರ."

ಒಗ್ಗರಣೆ ಎಂದರೆ ನಮ್ಮ ಕೊಪ್ಪಳದ ಕಡೆ ಮಂಡಾಳಿನಲ್ಲಿ, ಅಂದರೆ ಮಂಡಕ್ಕಿಯಲ್ಲಿ, ಮಾಡುವ ತಿಂಡಿ. ಇವತ್ತು ಶನಿವಾರ. ಆರು ದಿನ ಕಳೆದರೂ ಮಾತು ಕಿವಿಯಿಂದ ಇಳಿದಿಲ್ಲ. ನಾನು ಲೆಕ್ಕ ಬರೆಯುವುದು ಗೊಬ್ಬರದ ಅಂಗಡಿಯಲ್ಲಿ. 45 ಕಿಲೋ ಯೂರಿಯಾ ಚೀಲಗಳನ್ನು ಎಣಿಸುವಾಗಲೂ ಒಂದು ಚೀಲಕ್ಕೆ 'ತಿಂದ', ಇನ್ನೊಂದಕ್ಕೆ 'ಮಲಗಿದ' ಎಂದು ತಾಳ ಬೀಳುತ್ತದೆ. ಮಂಗಳವಾರ ಹೀಗೇ ಎಣಿಕೆ ತಪ್ಪಿ, ಮಾಲೀಕರಿಂದ ಬೈಸಿಕೊಂಡೆ.

ಅಕ್ಕ ಬೆಂಗಳೂರಿನಲ್ಲಿದ್ದಾಳೆ. ಪ್ರತಿ ಭಾನುವಾರ ರಾತ್ರಿ ಊಟವಾದ ಮೇಲೆ ಅವಳ ಫೋನ್ ಬರುತ್ತದೆ. ಈ ವಾರ ಏನು ಮಾಡಿದೆ, ಏನು ನೋಡಿದೆ, ಏನು ತಿಂದೆ, ಅದರಲ್ಲಿ ಯಾವುದು ಚೆನ್ನಾಗಿತ್ತು ಎಂದು ಇಬ್ಬರೂ ಹೇಳಿಕೊಳ್ಳಬೇಕು. 2020ರ ಲಾಕ್‌ಡೌನಿನಲ್ಲಿ ಹೊತ್ತು ಹೋಗದೆ ಅವಳೇ ಶುರು ಮಾಡಿದ ಆಟ. ಆಗ ಎಲ್ಲರ ವಾರವೂ ಒಂದೇ ಅಳತೆಯದಾಗಿತ್ತು. ಆಮೇಲೆ ಅವಳದು ಮೈತುಂಬಿಕೊಂಡಿತು. ಮಾಲ್, ಮಾಲ್‌ನಲ್ಲಿ ಸಿನಿಮಾ, ಟಿಕೆಟ್‌ಗಿಂತ ತುಟ್ಟಿಯಾದ ಪಾಪ್‌ಕಾರ್ನ್, ಎರಡು ಕಡ್ಡಿಯಲ್ಲಿ ಎತ್ತಿ ತಿನ್ನುವ ಶಾವಿಗೆ. ನನ್ನದು ಕೊಪ್ಪಳದಲ್ಲೇ ಉಳಿಯಿತು. ಹಾಗಾಗಿ ಸ್ವಲ್ಪ ಸುಳ್ಳು ಸೇರಿಸುತ್ತಾ ಬಂದೆ. ಮೊದಲು ಉಪ್ಪಿನಷ್ಟು, ಆಮೇಲೆ ಹಿಟ್ಟಿನಷ್ಟು.

ಅವತ್ತು ಹೇಳಿದ್ದು ಮೂರು. ಗುರುವಾರ ಗವಿಮಠದ ಗುಡ್ಡ ಹತ್ತಿ ಅಶೋಕನ ಶಾಸನ ನೋಡಿಬಂದೆ ಎಂದೆ. ಕಿನ್ನಾಳಕ್ಕೆ ಹೋಗಿ ಮರದ ಗೊಂಬೆಗೆ ಬಣ್ಣ ಹಚ್ಚುವುದನ್ನು ನೋಡಿದೆ ಎಂದೆ. ರಾತ್ರಿ ಒಂದು ಹಳೆಯ ಸಿನಿಮಾ ಪೂರ್ತಿ ನೋಡಿದೆ ಎಂದೆ. ನಿಜ ಏನೆಂದರೆ, ಗುರುವಾರ ಗುಡ್ಡದ ಬುಡದಲ್ಲಿ ಚಹಾ ಕುಡಿದು ವಾಪಸಾಗಿದ್ದೆ. ಕಿನ್ನಾಳಕ್ಕೆ ಹೋದದ್ದು ದೀಪಾವಳಿಗೂ ಮೊದಲು, ಅದೂ ಸಾಲ ವಸೂಲಿಗೆ. ಸಿನಿಮಾ ಇಪ್ಪತ್ತು ನಿಮಿಷ ಓಡಿತ್ತು, ಮುಂದಿನದನ್ನು ನನ್ನ ಎದೆಯ ಮೇಲೆ ಬಿದ್ದಿದ್ದ ಮೊಬೈಲ್ ತಾನೇ ನೋಡಿಕೊಂಡಿತು. ಅವ್ವ ಪಕ್ಕದಲ್ಲೇ ಸೊಪ್ಪು ಸೋಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕಿನ್ನಾಳದ ಹತ್ತಿರ ಬಂದಾಗ ತಡೆದುಕೊಳ್ಳಲಾಗಲಿಲ್ಲ ಎಂದು ಕಾಣುತ್ತದೆ.

ಒಗ್ಗರಣೆಯ ವಿಷಯದಲ್ಲಿ ಮಾತ್ರ ಅವ್ವನದು ಅನ್ಯಾಯ. 'ಒಗ್ಗರಣೆ ತಿಂದ' ಎನ್ನುವುದನ್ನು ಅವಳು 'ಗಾಳಿ ತಿಂದ' ಎನ್ನುವ ಹಾಗೆ ಹೇಳಿದಳು. ನಾನು ಹೋಗುವ ಅಂಗಡಿಯವನು ಬೆಳಗ್ಗೆ ಆರಕ್ಕೇ ಒಲೆ ಹೊತ್ತಿಸುತ್ತಾನೆ. ಒಂದು ಕಡೆ ಮಂಡಾಳಿನ ಚೀಲ, ಇನ್ನೊಂದು ಕಡೆ ನೀರಿನ ಬಕೆಟ್. ಮಂಡಾಳನ್ನು ನೀರಿನಲ್ಲಿ ಅದ್ದಿ ಮರುಕ್ಷಣವೇ ಎತ್ತಿ ಎರಡೂ ಅಂಗೈಯಲ್ಲಿ ಹಿಂಡಬೇಕು. ಒಂದು ಉಸಿರು ತಡವಾದರೆ ಮುದ್ದೆಯಾಗುತ್ತದೆ, ಅವಸರ ಮಾಡಿದರೆ ಒಳಗೆ ಒಣಗೇ ಉಳಿದು ಹಲ್ಲಿಗೆ ಕಚ್ಚುತ್ತದೆ. ಅವನು ಬಕೆಟ್ಟಿನತ್ತ ನೋಡುವುದೂ ಇಲ್ಲ. ರಸ್ತೆಯಲ್ಲಿ ಹೋಗುವವರನ್ನು ಮಾತನಾಡಿಸುತ್ತಲೇ ಹಿಂಡುತ್ತಾನೆ. ಬಾಣಲೆಯಲ್ಲಿ ಸಾಸಿವೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ. ಹಿಂಡಿದ ಮಂಡಾಳು ಬಿದ್ದ ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ ಎರಡು ಸಲ ಮಗುಚಿದರೆ ಮುಗಿಯಿತು. ಪಕ್ಕದಲ್ಲಿ ಆಗಷ್ಟೇ ಎಣ್ಣೆಯಿಂದ ಎದ್ದ ಎರಡು ಮಿರ್ಚಿ. ಕಾಗದದ ಮೇಲೆ ಎಣ್ಣೆ ಹರಡಿ ಹಳೆಯ ಸುದ್ದಿಯೊಂದು ಪಾರದರ್ಶಕವಾಗುತ್ತದೆ. ಈ ಜನವರಿಯ ಚಳಿಯಲ್ಲಿ, ಬೆಳಗಿನ ಏಳಕ್ಕೆ, ನಿಂತುಕೊಂಡೇ ಅದನ್ನು ತಿನ್ನುವುದು ಒಂದು ವಾರದ ಗಳಿಕೆಯಲ್ಲವೇ?

ಅಕ್ಕನಿಗೆ ಇದು ಗೊತ್ತು. ಬೆಂಗಳೂರಿನಲ್ಲಿ ಮಂಡಾಳನ್ನು ಕಡಲೆಪುರಿ ಎನ್ನುತ್ತಾರೆ, ಒಗ್ಗರಣೆಯನ್ನು ಮನೆಯಲ್ಲಿ ಎಷ್ಟು ಸಲ ಮಾಡಿದರೂ ಆ ರುಚಿ ಬರುವುದಿಲ್ಲ ಎಂದು ಅವಳೇ ಒಮ್ಮೆ ಅತ್ತಿದ್ದಾಳೆ. ಹೆಸರು ಬದಲಾದರೆ ರುಚಿಯೂ ಬದಲಾಗುತ್ತದೆ ಎಂದು ನಾನು ಸಮಾಧಾನ ಮಾಡಿದ್ದೆ. ನೀರಿನ ದೋಷ ಎಂದು ಮಾವ ಹೇಳಿದ್ದರು. ಮಾವ ಎಲ್ಲದಕ್ಕೂ ನೀರಿನ ದೋಷ ಎನ್ನುತ್ತಾರೆ.

ಇರಲಿ. ಅವ್ವನ ಮಾತು ಕೇಳಿ ಅಕ್ಕ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಹಾಗಾದರೆ ನಿನ್ನ ವಾರ ಹೇಗಿತ್ತವ್ವಾ?" ಎಂದು ಕೇಳಿದಳು.

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಫೋನ್ ಬಂದರೆ ಅವ್ವ "ಊಟ ಆಯಿತಾ, ಮಕ್ಕಳು ಮಲಗಿದವಾ" ಎಂದು ನನ್ನ ಕೈಗೆ ಕೊಡುತ್ತಿದ್ದಳು, ನಾನು ತೆಗೆದುಕೊಳ್ಳುತ್ತಿದ್ದೆ. ಅವತ್ತು ಕೊಡಲಿಲ್ಲ. ಸೊಪ್ಪಿನ ಮೊರವನ್ನು ಕಾಲಿನಿಂದ ಅತ್ತ ಸರಿಸಿ, ಗೋಡೆಗೆ ಒರಗಿ, ಇಪ್ಪತ್ತೈದು ನಿಮಿಷ ಮಾತನಾಡಿದಳು.

ಗವಿಸಿದ್ಧೇಶ್ವರ ಜಾತ್ರೆ ಹತ್ತಿರ ಬಂದಿದೆ. ಪುಷ್ಯ ಬಹುಳ ಬಿದಿಗೆಗೆ ತೇರು. ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತದೆ, ಟ್ರ್ಯಾಕ್ಟರುಗಳಲ್ಲಿ, ಎತ್ತಿನ ಬಂಡಿಗಳಲ್ಲಿ. ನಮ್ಮ ಓಣಿಯ ಹನ್ನೆರಡು ಹೆಂಗಸರು ಸೇರಿ ನಾಲ್ಕು ದಿನ ಗುಡಿಯ ಅಂಗಳದಲ್ಲಿ ರೊಟ್ಟಿ ಬಡಿದಿದ್ದರು. ನನಗೆ ಇದು ಗೊತ್ತಿತ್ತು. ಸಂಜೆ ಮನೆಗೆ ಬಂದಾಗ ಅವ್ವ ಇರುತ್ತಿರಲಿಲ್ಲ, ಅನ್ನ ನಾನೇ ಬಡಿಸಿಕೊಳ್ಳಬೇಕಾಗುತ್ತಿತ್ತು, ಅಷ್ಟರ ಮಟ್ಟಿಗೆ ಗೊತ್ತಿತ್ತು.

ಅವ್ವ ಹೇಳಿದ್ದು ಬೇರೆಯೇ. ಹನ್ನೆರಡು ಜೋಡಿ ಕೈ ಒಟ್ಟಿಗೆ ಬಡಿಯಲು ಶುರುವಿಟ್ಟರೆ ಸ್ವಲ್ಪ ಹೊತ್ತಿಗೆ ಸಪ್ಪಳ ತಾನಾಗಿ ಒಂದೇ ಲಯಕ್ಕೆ ಬರುತ್ತದಂತೆ, ಆಮೇಲೆ ಯಾರೂ ನಿಲ್ಲಿಸುವ ಹಾಗಿಲ್ಲ. ಮೂರನೆಯ ಮನೆಯ ಸೊಸೆ, ನಾವು ಮೂಕಿ ಎಂದುಕೊಂಡಿದ್ದವಳು, ಎರಡನೆಯ ದಿನ ಬೀಸುವ ಪದ ಎತ್ತಿದಳಂತೆ. ಯಾರಿಗೂ ಗೊತ್ತಿಲ್ಲದ ಪದ, ಅವಳ ತವರಿನದು. ಎಸರು ಕಡಿಮೆ ಕುದಿದರೆ ಹಿಟ್ಟಿಗೆ ಜಿಗಿ ಬರುವುದಿಲ್ಲ ಎಂದು ಅವ್ವ ಎಷ್ಟು ಹೇಳಿದರೂ ಎದುರು ಮನೆಯವಳು ಕೇಳಲಿಲ್ಲವಂತೆ. ಆಕೆಯ ರೊಟ್ಟಿಯೆಲ್ಲ ಅಂಚಿನಲ್ಲಿ ಒಡೆದು ಅಕ್ಕಿಯ ಹುಳು ತಿಂದ ಹಾಗಿತ್ತಂತೆ. "ಅಂಚು ನೋಡಿದರೆ ಸಾಕು, ಯಾರ ಕೈಯದು ಎಂದು ಹೇಳುತ್ತೇನೆ ನಾನು." ಎದುರು ಮನೆಯವಳ ಬಗ್ಗೆ ನನಗೂ ಅಂಥ ಗೌರವವೇನಿಲ್ಲ. ನಮ್ಮ ನೀರಿನ ಸರದಿಯಲ್ಲಿ ಎರಡು ಕೊಡ ಹೆಚ್ಚಿಗೆ ಹಿಡಿಯುವ ಹೆಂಗಸು. ಆದರೆ ಒಡೆದ ಅಂಚಿನ ವರ್ಣನೆಗೇ ಐದು ನಿಮಿಷ ಹೋದದ್ದು ಸ್ವಲ್ಪ ಹೆಚ್ಚಾಯಿತು.

ಆ ಕಡೆ ಅಕ್ಕ 'ಹೂಂ, ಹೂಂ' ಎನ್ನುತ್ತಲೇ ಇದ್ದಳು. ನಾನು ಸಿನಿಮಾದ ಕಥೆ ಹೇಳುವಾಗ ಅವಳು ಹೀಗೆ ಹೂಂಗುಟ್ಟಿದ್ದು ನೆನಪಿಲ್ಲ.

ಬುಧವಾರ ಅಂಗಡಿ ಬೇಗ ಮುಚ್ಚಿತು. ಹೇಳಿದ ಸುಳ್ಳುಗಳಲ್ಲಿ ಒಂದನ್ನಾದರೂ ನಿಜ ಮಾಡೋಣವೆಂದು ಗುಡ್ಡ ಹತ್ತಿದೆ. ಶಾಸನ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿದೆ. ಓದಲು ನನಗೆ ಬರುವುದಿಲ್ಲ, ಅರ್ಥವನ್ನು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರರು ಹೇಳಿದ್ದು ಮಾತ್ರ ನೆನಪಿದೆ. ಮಸ್ಕಿಯದರಲ್ಲಿ ಅಶೋಕನ ಹೆಸರೇ ಇದೆ ಎಂದು ರಾಯಚೂರಿನವರು ಮೀಸೆ ತಿರುವುತ್ತಾರೆ. ನಮ್ಮಲ್ಲಿ ಗವಿಮಠದ್ದು ಒಂದು, ಪಾಲ್ಕಿಗುಂಡಿನದು ಒಂದು, ಹೀಗೆ ಎರಡಿವೆ ಎಂದು ನಾವು ತಿರುವುತ್ತೇವೆ. ಆ ಶಾಸನದಲ್ಲಿ ದೊರೆ ಮೊಟ್ಟಮೊದಲು ಹೇಳಿಕೊಳ್ಳುವುದು ಏನು ಗೊತ್ತೇ? ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು, ಆದರೆ ಒಂದು ವರ್ಷ ಅಂಥ ಪ್ರಯತ್ನವನ್ನೇನೂ ಮಾಡಲಿಲ್ಲ ಎಂದು. ದೇಶದ ಬಹುಪಾಲನ್ನು ಆಳಿದವನು ತಾನು ವ್ಯರ್ಥವಾಗಿ ಕಳೆದ ವರ್ಷದ ಲೆಕ್ಕವನ್ನು ಕಲ್ಲಿನ ಮೇಲೆ ಕೊರೆಸಿದ್ದಾನೆ, ಅದೂ ಒಂದೇ ಕಡೆಯಲ್ಲ, ಊರೂರಿಗೆ. ಸಿನಿಮಾ ನೋಡಿದೆ, ಕಿನ್ನಾಳಕ್ಕೆ ಹೋಗಿದ್ದೆ ಎಂದು ಅವನೂ ಸೇರಿಸಬಹುದಿತ್ತು. 2,200 ವರ್ಷದ ಮೇಲಾಯಿತು, ಯಾರು ಹೋಗಿ ಪರೀಕ್ಷಿಸುತ್ತಿದ್ದರು? ಬಂಡೆಯ ಪಕ್ಕ ಕುಳಿತು ಒಬ್ಬನೇ ನಕ್ಕೆ. ಕೆಳಗೆ ಜಾತ್ರೆಯ ಅಂಗಡಿಗಳಿಗೆ ಗಳ ನೆಡುತ್ತಿದ್ದ ಸದ್ದು ಮೇಲಕ್ಕೆ ಬರುತ್ತಿತ್ತು.

ರಾತ್ರಿ ಅವ್ವನಿಗೆ ಹೇಳಿದೆ. ಸಮ್ರಾಟನೇ ಒಂದು ವರ್ಷ ಸುಮ್ಮನೆ ಕಳೆದಿದ್ದಾನೆ, ನನ್ನದು ಒಂದು ವಾರ.

"ಆಮೇಲೆ?"

"ಆಮೇಲೆ ಸಂಘಕ್ಕೆ ಹೋದ, ತುಂಬ ಪ್ರಯತ್ನಪಟ್ಟನಂತೆ."

"ಎದ್ದನಲ್ಲ ಮತ್ತೆ," ಎಂದು ಅವ್ವ ದೀಪ ಆರಿಸಿದಳು.

ಇವತ್ತು ಬೆಳಗ್ಗೆ ಓಣಿಯ ರೊಟ್ಟಿ ಮಠಕ್ಕೆ ಹೋಗಬೇಕಿತ್ತು. ಟಂಟಂನಲ್ಲಿ ಹನ್ನೆರಡೂ ಮನೆಯ ಗಂಟುಗಳು, ಹಿಂದೆ ಸ್ಕೂಟರಿನಲ್ಲಿ ನಾನು ಮತ್ತು ಅವ್ವ. ಇಳಿಸುವಾಗ ಗಂಟು ಹೊತ್ತವನು ನಾನೇ. ಒಣಗಿದ ಜೋಳದ ರೊಟ್ಟಿಗೆ ತೂಕವಿಲ್ಲ, ಆದರೆ ಹೆಗಲ ಮೇಲೆ ಅದು ಕಟಕಟ ಎನ್ನುತ್ತಿದ್ದರೆ ಹೆಜ್ಜೆ ಇಡಲು ಭಯವಾಗುತ್ತದೆ. ಒಳಗೆ ರೊಟ್ಟಿಯನ್ನು ಬಣವೆ ಒಟ್ಟಿದ ಹಾಗೆ ಒಟ್ಟಿದ್ದರು, ಆಳೆತ್ತರ ಮೀರಿ. ಸೇವೆಗೆ ನಿಂತಿದ್ದ ಹುಡುಗ ಯಾವ ಊರು ಎಂದು ಕೇಳಿದ. ಇದೇ ಊರು ಎಂದೆ. ಅವನು ಗಂಟು ಬಿಚ್ಚಿ, ರೊಟ್ಟಿ ಜೋಡಿಸಿ, ಮುಂದಿನ ಗಾಡಿಯ ಕಡೆಗೆ ಕೈ ಬೀಸಿದ. ನಾಲ್ಕು ದಿನದ ಸಪ್ಪಳ ಎರಡು ನಿಮಿಷದಲ್ಲಿ ರಾಶಿಗೆ ಸೇರಿಹೋಯಿತು. ಅಲ್ಲೇ ನಿಂತು ನಮ್ಮದು ಯಾವುದೆಂದು ಹುಡುಕಿದೆ. ಎಲ್ಲವೂ ಒಂದೇ ಬಣ್ಣ, ಒಂದೇ ದುಂಡು.

ಹಿಂದಿರುಗುವಾಗ ಅವ್ವ ಹಿಂದಿನ ಸೀಟಿನಲ್ಲಿ ಬಹಳ ಹೊತ್ತು ಮಾತನಾಡಲಿಲ್ಲ. ಅಷ್ಟು ರಾಶಿಯಲ್ಲಿ ತನ್ನದು ಕಳೆದುಹೋಯಿತೆಂದು ಬೇಸರವಾಗಿರಬೇಕು ಎಂದುಕೊಂಡು ಕನ್ನಡಿಯಲ್ಲಿ ನೋಡಿದೆ. ಮುಖ ಗೆಲುವಾಗಿಯೇ ಇತ್ತು.

"ನಮ್ಮದು ಯಾವುದೆಂದು ಗೊತ್ತಾಯಿತೇನವ್ವಾ?"

"ನಮ್ಮದಿರಲಿ," ಎಂದಳು. "ಎಡಗಡೆ ಸಾಲಿನಲ್ಲಿ, ಮೇಲಿನಿಂದ ಒಂದು ಮೊಳ ಕೆಳಗೆ ನೋಡಿದೆಯಾ? ಎದುರು ಮನೆಯವಳದು. ಅಂಚು ಒಡೆದದ್ದು ಬಾಗಿಲಿನಿಂದಲೇ ಕಾಣುತ್ತಿತ್ತು. ನಾಳೆ ಅಕ್ಕನಿಗೆ ಹೇಳಬೇಕು, ಫೋನ್ ಬಂದ ತಕ್ಷಣ ನನಗೇ ಕೊಡು."