ಸೇವ್ ಒತ್ತಬೇಡಿ

ಆ ಚೀಟಿಯ ಫೋಟೊ ಇನ್ನೂ ನನ್ನ ಮೊಬೈಲಿನಲ್ಲಿದೆ. ಮಾನಿಟರಿನ ಕೆಳ ಅಂಚಿಗೆ ಅಂಟಿಸಿದ ಹಳದಿ ಚೀಟಿ, ಬಿದ್ದುಹೋಗದಿರಲಿ ಎಂದು ಅದರ ಮೇಲೊಂದು ಸೆಲ್ಲೋಟೇಪ್. ನೀಲಿ ಇಂಕಿನಲ್ಲಿ ಬರೆದದ್ದು ಎರಡೇ ಪದ: "ಸೇವ್ ಒತ್ತಬೇಡಿ". ಎರಡನೆಯದರ ಕೆಳಗೆ ಎರಡು ಗೆರೆ.

ಬಿಲ್ ಎಂಟ್ರಿ ಮಾಡುವ ಸಾಫ್ಟ್‌ವೇರ್ ಒಂದನ್ನು ಹೊಸದಾಗಿ ವಿನ್ಯಾಸ ಮಾಡಿಕೊಡಿ ಎಂದು ನಮಗೆ ಬಂದ ಕೆಲಸ ಅದು. ಸರಬರಾಜುದಾರರು ಕಳಿಸಿದ ಬಿಲ್ಲನ್ನು ಅಕೌಂಟ್ಸ್‌ನವರು ಅದರಲ್ಲಿ ಏರಿಸಬೇಕು. ನಾವು ಆರ್ಡರ್ ಮಾಡಿದ್ದೆಷ್ಟು, ಗೋದಾಮಿಗೆ ಬಂದದ್ದೆಷ್ಟು, ಬಿಲ್ ಹಾಕಿದ್ದೆಷ್ಟು ಎಂದು ತಾಳೆ ನೋಡಬೇಕು. ಮೂರೂ ಹೊಂದಿದರೆ ಪಾವತಿಗೆ ಕಳಿಸಬೇಕು. ಪಿಒ (ಖರೀದಿಯ ಆರ್ಡರ್), ಜಿಆರ್‌ಎನ್ (ಸರಕು ಬಂದ ರಸೀದಿ), ಇನ್‌ವಾಯ್ಸ್ (ಬಿಲ್) ಎಂಬ ಈ ಮೂರರ ತಾಳೆ ಲೆಕ್ಕಪತ್ರದಲ್ಲಿ ಹಳೆಯ ಪದ್ಧತಿ. ಬಾರದ ಸರಕಿಗೆ ದುಡ್ಡು ಹೋಗದಂತೆ ತಡೆಯುವ ಬೇಲಿ ಅದು.

ಕೆಲಸದ ಜೊತೆಗೆ ಬೇಡಿಕೆಗಳ ಪಟ್ಟಿಯೂ ಬಂದಿತ್ತು. ನಿಧಾನ, ನೋಡಲು ಹಳೆಯದು, ಡ್ಯಾಶ್‌ಬೋರ್ಡ್ ಬೇಕು, ಗ್ರಾಫ್ ಬೇಕು, ಡಾರ್ಕ್ ಮೋಡ್ ಬೇಕು. ಬರೆದವರೆಲ್ಲ ವಿಭಾಗದ ಮುಖ್ಯಸ್ಥರು. ಅವರಲ್ಲಿ ಒಬ್ಬರೂ ತಮ್ಮ ಕೈಯಾರೆ ಒಂದು ಬಿಲ್ ಏರಿಸಿದವರಲ್ಲ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಆ ಉದ್ದದ ಪಟ್ಟಿಯಲ್ಲಿ ಸೇವ್ ಬಟನ್ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಚೀಟಿ ಅಂಟಿಸಿದ್ದ ಮೇಡಂ ಆ ವಿಭಾಗದಲ್ಲಿ ಎಲ್ಲರಿಗಿಂತ ಹಳಬರು. ಅವರ ಪಕ್ಕ ಕುರ್ಚಿ ಎಳೆದುಕೊಂಡು ಎರಡು ದಿನ ಕೂತೆ. ಮೊದಲ ದಿನ ಮಧ್ಯಾಹ್ನದವರೆಗೆ ನಾನೇನೂ ಕೇಳಲಿಲ್ಲ. ಕೇಳಿದರೆ ಜನ ಕೆಲಸ ನಿಲ್ಲಿಸಿ ಪಾಠ ಹೇಳಲು ಶುರು ಮಾಡುತ್ತಾರೆ, ಪಾಠದಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ.

ಎಡಗೈ ತೋರುಬೆರಳು ಕಾಗದದ ಬಿಲ್ ಮೇಲೆ. ಬಲಗೈ ಕೀಬೋರ್ಡಿನ ಬಲಬದಿಯ ಅಂಕಿಗಳ ಮೇಲೆ. ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದಂತೆ ಬಲಗೈ ತನ್ನಷ್ಟಕ್ಕೆ ಓಡುತ್ತದೆ, ಕಣ್ಣು ಪರದೆಯ ಕಡೆ ಹೋಗುವುದೇ ಅಪರೂಪ. ಕೊನೆಯಲ್ಲಿ ಪೋಸ್ಟ್ ಎಂಬ ಬಟನ್ ಒತ್ತಿದಾಗ ಒಂದು ಪೆಟ್ಟಿಗೆ ಹಾರಿ ಬಂತು. ಅದು ಪೂರ್ತಿ ಮೂಡುವ ಮೊದಲೇ ಅವರು ಎಂಟರ್ ಒತ್ತಿಯಾಗಿತ್ತು.

"ಏನಿತ್ತು ಮೇಡಂ ಅದರಲ್ಲಿ?"

"ಯಾವುದರಲ್ಲಿ?"

ಅದರಲ್ಲಿದ್ದದ್ದು ಎಚ್ಚರಿಕೆ. ಒಂದೊಂದು ಸಾಲಿನ ತೆರಿಗೆಯನ್ನು ಬೇರೆಬೇರೆಯಾಗಿ ರೌಂಡ್ ಮಾಡಿ ಕೂಡಿಸಿದರೆ ಒಂದು ಮೊತ್ತ, ಒಟ್ಟು ಮೊತ್ತದ ಮೇಲೆ ಒಮ್ಮೆಗೇ ತೆರಿಗೆ ಹಾಕಿ ರೌಂಡ್ ಮಾಡಿದರೆ ಇನ್ನೊಂದು. ಎರಡರ ನಡುವೆ 0.01, 0.02ರಷ್ಟು ವ್ಯತ್ಯಾಸ ಎಷ್ಟೋ ಸಲ ಬರುತ್ತದೆ. ಸಾಫ್ಟ್‌ವೇರ್ ಪ್ರತಿ ಸಲವೂ ಅದಕ್ಕೆ ಬೊಬ್ಬೆ ಹಾಕುತ್ತಿತ್ತು. 96 ಬಂದ ಕಡೆ 100ಕ್ಕೆ ಬಿಲ್ ಇದ್ದರೂ ಅದೇ ಪೆಟ್ಟಿಗೆ, ಅದೇ ಬಣ್ಣ, ಅದೇ ಗಂಟೆಯ ಸದ್ದು. ತೋಳ ಬಂತು ತೋಳ ಎಂದು ದಿನಕ್ಕೆ ಎಂಬತ್ತು ಸಲ ಕೂಗಿದರೆ ಯಾರು ತಿರುಗಿ ನೋಡುತ್ತಾರೆ?

ಇನ್ನು ಚೀಟಿಯ ವಿಷಯ. ಪರದೆಯ ಕೆಳಗೆ ಮೂರು ಬಟನ್: ಸೇವ್, ಸಬ್‌ಮಿಟ್, ಪೋಸ್ಟ್. ಹೆಸರು ನೋಡಿ ಯಾವುದು ಏನು ಮಾಡುತ್ತದೆ ಎಂದು ಹೇಳಿ ನೋಡೋಣ. ನನಗೂ ಆಗಲಿಲ್ಲ. ಸೇವ್ ಒತ್ತಿದರೆ ಬಿಲ್ ಕರಡಾಗಿ ಉಳಿಯುತ್ತದೆ ನಿಜ, ಆದರೆ ಬಿಲ್ ನಂಬರಿಗೆ ಬೀಗ ಬೀಳುತ್ತದೆ. ನಂಬರಿನಲ್ಲಿ ಒಂದಂಕಿ ತಪ್ಪಿದ್ದರೂ ತಿದ್ದಲು ಐಟಿಯವರಿಗೆ ಟಿಕೆಟ್ ಹಾಕಿ ಕಾಯಬೇಕು.

"ಅದಕ್ಕೇ ಹೊಸಬರು ಬಂದಾಗ ಮೊದಲು ಇದನ್ನೇ ಹೇಳಿಕೊಡ್ತೀವಿ ಸರ್. ಸೇವ್ ಮಾಡೋ ತಂಟೆಗೆ ಹೋಗಲೇಬೇಡಿ ಅಂತ."

ಸೇವ್ ಮಾಡುವಂತಿಲ್ಲ ಎಂದಮೇಲೆ ಕೆಲಸದ ನಡುವೆ ಯಾರಾದರೂ ಕರೆದರೆ? ಇಪ್ಪತ್ತು ನಿಮಿಷ ಕೈಯಾಡಿಸದಿದ್ದರೆ ಆ ಸಾಫ್ಟ್‌ವೇರ್ ತಾನೇ ಲಾಗೌಟ್ ಆಗಿ, ತುಂಬಿದ್ದೆಲ್ಲ ಅಳಿಸಿಹೋಗುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ದಾರಿ ಒಂದು ಉದ್ದನೆಯ ನೋಟ್‌ಬುಕ್. ದೊಡ್ಡ ಬಿಲ್ ಬಂದರೆ ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ತಾಳೆಯಾದ ಮೇಲೆ ಅದನ್ನು ನೋಡಿ ಒಂದೇ ಉಸಿರಿಗೆ ಪರದೆಗೆ ಏರಿಸಿ ಪೋಸ್ಟ್ ಒತ್ತುವುದು. ಎಲ್ಲವನ್ನೂ ಎರಡು ಸಲ ಬರೆಯುವುದು. ಮುಖ್ಯಸ್ಥರ ಪಟ್ಟಿಯಲ್ಲಿದ್ದ "ನಿಧಾನ" ಎಂದರೆ ಇದು. ಅಷ್ಟು ಹೊತ್ತಿಗೆ ನಮ್ಮ ತಂಡದ ಇಬ್ಬರು ಸರ್ವರ್ ವೇಗ ಹೆಚ್ಚಿಸುವುದು ಹೇಗೆಂದು ಅಳೆಯುತ್ತಾ ಕೂತಿದ್ದರು.

ಹಳೆಯ ಪರದೆ ಮಾಡಿದವರು ದಡ್ಡರೇನಲ್ಲ. ಡೇಟಾಬೇಸಿನಲ್ಲಿ ಎಷ್ಟು ಟೇಬಲ್ಲೋ ಪರದೆಯಲ್ಲಿ ಅಷ್ಟು ಟ್ಯಾಬ್, ಟೇಬಲ್ಲಿನಲ್ಲಿ ಎಷ್ಟು ಕಾಲಮ್ಮೋ ಟ್ಯಾಬಿನಲ್ಲಿ ಅಷ್ಟು ಖಾನೆ. ಮಾಡುವವನ ಕಣ್ಣಿಗೆ ಅದು ಅಚ್ಚುಕಟ್ಟು. ನಾನೂ ಇಂಥವು ನಾಲ್ಕೈದು ಮಾಡಿದವನೇ. ಆದರೆ ಬಿಲ್ ಹಿಡಿದು ಕೂತವರ ಕೈಯಲ್ಲಿರುವುದು ಟೇಬಲ್ ಅಲ್ಲ, ಕಾಗದ. ಕಾಗದದ ಮೇಲ್ಭಾಗದಲ್ಲಿ ಸರಬರಾಜುದಾರರ ಹೆಸರು, ಆಮೇಲೆ ಬಿಲ್ ನಂಬರ್, ದಿನಾಂಕ, ಸಾಲುಗಳು, ಕೊನೆಯಲ್ಲಿ ಮೊತ್ತ. ಪರದೆ ಮೊದಲು ಕೇಳುತ್ತಿದ್ದದ್ದು ಕಾಸ್ಟ್ ಸೆಂಟರ್, ಅಂದರೆ ಖರ್ಚು ಯಾವ ವಿಭಾಗದ ಲೆಕ್ಕಕ್ಕೆ ಎಂಬುದು. ಕಾಗದದಲ್ಲಿ ಅದು ಎಲ್ಲೂ ಇರುವುದಿಲ್ಲ.

ಇಷ್ಟೆಲ್ಲ ಕಣ್ಣಾರೆ ಕಂಡು ಬಂದ ಮೇಲೂ ನಾನು ಮಾಡಿದ ಮೊದಲ ವಿನ್ಯಾಸ ದಂಡವಾಯಿತು. ನೋಡಲು ಚೆಂದವೇ. ಬೇಕಾದಷ್ಟು ಖಾಲಿ ಜಾಗ, ದುಂಡು ಮೂಲೆಯ ಕಾರ್ಡುಗಳು, ಪ್ರತಿ ಖಾನೆಗೂ ಹುಡುಕಿ ಆರಿಸುವ ಡ್ರಾಪ್‌ಡೌನ್. ಸಭೆಯಲ್ಲಿ ಎಲ್ಲರೂ ತಲೆದೂಗಿದರು. ಮೇಡಂ ಮುಂದೆ ಇಟ್ಟೆ. ಅವರು ಒಂದು ಬಿಲ್ ಏರಿಸಿದರು. ಕೈ ಅಂಕಿಗಳಿಂದ ಮೌಸಿಗೆ, ಮೌಸಿನಿಂದ ಅಂಕಿಗಳಿಗೆ, ಮತ್ತೆ ಮೌಸಿಗೆ.

"ಚೆನ್ನಾಗಿದೆ ಸರ್. ಆದ್ರೆ ನಾನು ಮನೆಗೆ ಹೋಗೋದು ಯಾವಾಗ?"

ನಕ್ಕುಬಿಟ್ಟೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್, ಅಲೆನ್ ನ್ಯೂವೆಲ್ ಎಂಬ ಮೂವರು ಸಂಶೋಧಕರು 1980ರಲ್ಲಿ ಇಂಥ ಸಣ್ಣ ಚಲನೆಗಳಿಗೆಲ್ಲ ಸಮಯ ಕಟ್ಟಿಟ್ಟಿದ್ದಾರೆ. ಕೀಬೋರ್ಡಿನಿಂದ ಮೌಸಿಗೆ ಕೈ ಹೋಗಲು 0.4 ಸೆಕೆಂಡ್, ಗುರಿಯತ್ತ ಬಾಣವನ್ನು ಒಯ್ಯಲು ಸರಾಸರಿ 1.1 ಸೆಕೆಂಡ್, ಮತ್ತೆ ಕೈ ಮರಳಲು 0.4. ಕ್ಲಿಕ್ ಬಿಟ್ಟರೂ ಒಂದು ಸುತ್ತಿಗೆ 1.9 ಸೆಕೆಂಡ್. ನನ್ನ ಚೆಂದದ ವಿನ್ಯಾಸದಲ್ಲಿ ಬಿಲ್ಲಿಗೆ ಹನ್ನೆರಡು ಸುತ್ತು, ಅಂದರೆ ಹೆಚ್ಚುಕಡಿಮೆ 23 ಸೆಕೆಂಡ್. ದಿನಕ್ಕೆ ಎಂಬತ್ತು ಬಿಲ್ ಎಂದರೆ ಅರ್ಧ ಗಂಟೆ. ಮೇಡಂ ಹೇಳಿದ್ದು ತಮಾಷೆಯಲ್ಲ, ಲೆಕ್ಕ. ಅವರು ಅದನ್ನು ಒಂದೇ ಬಿಲ್ಲಿನಲ್ಲಿ ಹಾಕಿ ಮುಗಿಸಿದ್ದರು.

ಎರಡನೆಯ ವಿನ್ಯಾಸ ನೋಡಲು ಸಾದಾ. ಖಾನೆಗಳು ಕಾಗದದ ಕ್ರಮದಲ್ಲೇ, ಮೌಸ್ ಮುಟ್ಟದೆ ಕೀಬೋರ್ಡಿನ ಟ್ಯಾಬ್ ಮತ್ತು ಎಂಟರ್‌ನಲ್ಲೇ ಕೊನೆಮುಟ್ಟಬಹುದು. ಕಾಸ್ಟ್ ಸೆಂಟರ್ ಪಿಒದಿಂದ ತಾನೇ ಬರುತ್ತದೆ, ಹೇಗೂ ಅದು ಅಲ್ಲೇ ಇತ್ತು. ಸೇವ್ ಬಟನ್ ತೆಗೆದೇ ಹಾಕಿದೆವು, ಬರೆದದ್ದು ಬರೆದಂತೆ ಉಳಿಯುತ್ತಾ ಹೋಗುತ್ತದೆ. ನಂಬರಿಗೆ ಬೀಗ ಬೀಳುವುದು ಪಾವತಿಗೆ ಹೋದಾಗ ಮಾತ್ರ. ಉಳಿದವು ಎರಡೇ ಬಟನ್: "ತಾಳೆ ನೋಡಿ", "ಪಾವತಿಗೆ ಕಳಿಸಿ".

ನನಗೆ ಖುಷಿ ಕೊಟ್ಟದ್ದು ತಾಳೆಯ ಭಾಗ. ಮೊದಲು ಮೂರು ವಿಂಡೊ ತೆರೆದು, ಒಂದರಲ್ಲಿ ಕಂಡ ಅಂಕಿಯನ್ನು ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚಿಕೊಂಡು ಇನ್ನೊಂದಕ್ಕೆ ಹೋಗುತ್ತಿದ್ದರು. ಹೊಸದರಲ್ಲಿ ಒಂದು ವಸ್ತುವಿಗೆ ಒಂದೇ ಸಾಲು: ಆರ್ಡರ್ 100, ಬಂದದ್ದು 96, ಬಿಲ್ 100. ಹೊಂದದ ಅಂಕಿ ದಪ್ಪಕ್ಷರದಲ್ಲಿ. ಎಲ್ಲ ಹೊಂದಿದ ಸಾಲುಗಳು ಮಡಚಿಕೊಂಡು ಕೆಳಗೆ ಹೋಗುತ್ತವೆ. ರೌಂಡಿಂಗಿನ ಚಿಲ್ಲರೆ ವ್ಯತ್ಯಾಸಕ್ಕೆ ಅಕೌಂಟ್ಸ್‌ನವರಿಂದಲೇ ಒಂದು ಮಿತಿ ಹಾಕಿಸಿಕೊಂಡೆವು, ಅದರೊಳಗಿದ್ದರೆ ಪರದೆ ಸುಮ್ಮನಿರುತ್ತದೆ. "ವ್ಯಾಲಿಡೇಷನ್ ಎರರ್ 4012" ಎಂದು ಬರುತ್ತಿದ್ದ ಕಡೆ ಈಗ "ಇದೇ ನಂಬರಿನ ಬಿಲ್ ಇದೇ ಸರಬರಾಜುದಾರರಿಂದ ಈಗಾಗಲೇ ಬಂದಿದೆ. ತೆರೆದು ನೋಡುವಿರಾ?" ಎಂದು ಬರುತ್ತದೆ. 4012 ಎಂದರೇನು ಎಂಬ ವಿವರ ಆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿತ್ತು, ಇನ್ನಿಪ್ಪತ್ತು ಕೋಡುಗಳ ಜೊತೆ. ನಮ್ಮ ಕೈಗೆ ಬಂದ ಅಧಿಕೃತ ದಾಖಲೆಗಳಲ್ಲಿ ಇರಲಿಲ್ಲ.

ಎರಡು ಬಟನ್ನಿನ ಹೆಸರು ಗಟ್ಟಿಮಾಡಲು ಎರಡು ವಾರ ಹಿಡಿಯಿತು. ಹೆಸರಿಗೆ ಇಷ್ಟು ದಿನವೇ ಎಂದು ಮೇಲಿನವರೊಬ್ಬರು ಗೊಣಗಿದರು. ಅವರಿಗೆ ಸಿಟಿಬ್ಯಾಂಕಿನ ಕತೆ ಹೇಳಿದೆ. 2020ರ ಆಗಸ್ಟಿನಲ್ಲಿ ರೆವ್ಲಾನ್ ಕಂಪನಿಯ ಸಾಲದಾತರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಅಸಲು ಹೊರಗೆ ಹೋಗದಂತೆ ತಡೆಯಲು ಪರದೆಯಲ್ಲಿ ಮೂರು ಚೌಕಗಳಿಗೆ ಟಿಕ್ ಹಾಕಬೇಕು: ಫ್ರಂಟ್, ಫಂಡ್, ಪ್ರಿನ್ಸಿಪಲ್. ಹಾಕಿದ್ದು ಪ್ರಿನ್ಸಿಪಲ್ ಒಂದಕ್ಕೆ. ಮೂವರು ನೋಡಿ ಒಪ್ಪಿಗೆ ಕೊಟ್ಟರು. ಬ್ಯಾಂಕಿನ ಸ್ವಂತ ದುಡ್ಡು ಸುಮಾರು 90 ಕೋಟಿ ಡಾಲರ್ ಹೊರಟೇಹೋಯಿತು. ಪಡೆದವರಲ್ಲಿ ಕೆಲವರು ವಾಪಸ್ ಕೊಡುವುದಿಲ್ಲ ಎಂದರು. 2021ರ ಫೆಬ್ರುವರಿಯಲ್ಲಿ ಕೋರ್ಟು ಸುಮಾರು 50 ಕೋಟಿಯನ್ನು ಅವರೇ ಇಟ್ಟುಕೊಳ್ಳಬಹುದು ಎಂದಿತು. ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಫ್ರಂಟ್ ಎಂದರೆ ಯಾವುದರ ಮುಂಭಾಗ ಎಂದು ನಾನು ಕೇಳಿದೆ, ಮೇಲಿನವರು ಉತ್ತರಿಸಲಿಲ್ಲ. ಹೆಸರಿನ ಬಗ್ಗೆ ಗೊಣಗಾಟ ಅಲ್ಲಿಗೆ ನಿಂತಿತು.

ನಮ್ಮ ಎಡವಟ್ಟುಗಳೂ ಕಡಿಮೆಯಿಲ್ಲ. "ಇತರೆ ಉಲ್ಲೇಖ 2" ಎಂಬ ಖಾನೆಯೊಂದಿತ್ತು. ಡೇಟಾ ತೆಗೆದು ನೋಡಿದರೆ ನೂರಕ್ಕೆ ತೊಂಬತ್ತೆಂಟು ಬಿಲ್ಲುಗಳಲ್ಲಿ ಖಾಲಿ. ಯಾರಿಗೂ ಬೇಡದ ಖಾನೆ ಎಂದು ತೆಗೆದೆ. ಉಳಿದ ಎರಡರಲ್ಲಿ ಏನಿದೆ ಎಂದು ತೆರೆದು ಓದುವಷ್ಟು ವ್ಯವಧಾನ ಇರಲಿಲ್ಲ. ಅವೆಲ್ಲ ತಕರಾರಿನ ಬಿಲ್ಲುಗಳು. ಯಾರ ಜೊತೆ ಫೋನಿನಲ್ಲಿ ಮಾತಾಯಿತು, ಬಾಕಿ ನಾಲ್ಕು ಡಬ್ಬ ಯಾವಾಗ ಕಳಿಸುತ್ತೇವೆ ಎಂದರು, ಯಾರು ಒಪ್ಪಿದರು, ಎಲ್ಲ ಅಲ್ಲೇ ಬರೆದಿಡುತ್ತಿದ್ದರು. ಆಡಿಟಿನವರು ಬಂದಾಗ ಮೊದಲು ತೆರೆಯುತ್ತಿದ್ದದ್ದೂ ಅದನ್ನೇ. ಖಾನೆ ವಾಪಸ್ ಬಂತು, ಈಗ ಅದರ ಹೆಸರು "ತಕರಾರಿನ ಟಿಪ್ಪಣಿ". ಕೊನೆಯಲ್ಲೊಂದು ಸಂಖ್ಯೆ ಅಂಟಿಸಿಕೊಂಡ ಖಾನೆ ಕಂಡರೆ ನನಗೀಗ ಗುಮಾನಿ: ಅದಕ್ಕೊಂದು ನಿಜವಾದ ಕೆಲಸ ಇರುತ್ತದೆ, ಹೆಸರಿಟ್ಟವರಿಗೆ ಅದು ಗೊತ್ತಿರುವುದಿಲ್ಲ.

ಐದು ಜನರ ಮುಂದೆ ಇಟ್ಟು ನೋಡಿದರೆ ತೊಡಕುಗಳಲ್ಲಿ ಹೆಚ್ಚಿನವು ಸಿಕ್ಕಿಬಿಡುತ್ತವೆ ಎಂಬ, ಬಳಕೆ ಸುಲಭತೆಯ ತಜ್ಞ ಜಾಕೋಬ್ ನೀಲ್ಸನ್ ಅವರ ಮಾತು ನಮ್ಮ ಕಸುಬಿನಲ್ಲಿ ಎಲ್ಲರ ಬಾಯಲ್ಲಿದೆ. ನಾನೂ ಐವರನ್ನೇ ಕೂರಿಸಿದ್ದೆ. ಐವರೂ ಬಿಲ್ ಏರಿಸುವವರು. ಬೇರೆಬೇರೆ ಕೆಲಸ ಮಾಡುವವರಿದ್ದರೆ ಒಂದೊಂದು ಗುಂಪಿನಿಂದಲೂ ಜನ ಬೇಕು ಎಂದು ನೀಲ್ಸನ್ ಅವರೇ ಹೇಳಿದ್ದನ್ನು ಮಾತ್ರ ನಾನು ಮರೆತಿದ್ದೆ. ಒಪ್ಪಿಗೆ ಕೊಡುವ ಅಧಿಕಾರಿ ಅದನ್ನು ತೆರೆಯುತ್ತಿದ್ದದ್ದು ಫೋನಿನಲ್ಲಿ, ನಡೆದಾಡುತ್ತಾ. ನಮ್ಮ ತಾಳೆಯ ಸಾಲು ಫೋನಿನಲ್ಲಿ ಮೂರನೆಯ ಅಂಕಿಯನ್ನು ಪರದೆಯಾಚೆ ತಳ್ಳಿಬಿಟ್ಟಿತ್ತು. ಆರ್ಡರ್ 100, ಬಂದದ್ದು 96 ಕಾಣುತ್ತದೆ, ಬಿಲ್ ಎಷ್ಟಕ್ಕೆ ಎಂಬುದು ಕಾಣದು. ಮೊದಲ ವಾರದಲ್ಲೇ ಫೋನ್ ಬಂತು. ಬೈಸಿಕೊಂಡೆ, ಸರಿಪಡಿಸಿದೆ.

ಡಾರ್ಕ್ ಮೋಡ್ ಕೊಟ್ಟೆವು. ಡ್ಯಾಶ್‌ಬೋರ್ಡೂ ಕೊಟ್ಟೆವು, ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ಹೊಸದು ಶುರುವಾಗಿ ಆರು ವಾರಕ್ಕೆ ಮೇಡಂ ಬಳಿ ಹೋದೆ. ನೋಟ್‌ಬುಕ್ ಮೇಜಿನ ಮೇಲೆ ಇರಲಿಲ್ಲ, ಡ್ರಾಯರಿನಲ್ಲಿತ್ತು. ಎಸೆದಿಲ್ಲವಾ ಎಂದು ಕೇಳಿದೆ. "ಇರಲಿ ಬಿಡಿ ಸರ್" ಎಂದರು. ಹಳದಿ ಚೀಟಿ ಇದ್ದ ಜಾಗದಲ್ಲಿ ಟೇಪಿನ ಕಲೆ ಮಾತ್ರ ಉಳಿದಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಚೀಟಿ, ಗುಲಾಬಿ ಬಣ್ಣದ್ದು: "1ರಿಂದ 5: ದಿನಾಂಕ ನೋಡಿ".

ಕೇಳಿದೆ. ಲೆಕ್ಕಕ್ಕೆ ಹಾಕುವ ದಿನಾಂಕದ ಖಾನೆಯಲ್ಲಿ ಇಂದಿನ ದಿನಾಂಕ ತಾನೇ ಬಂದು ಕೂರುವಂತೆ ಮಾಡಿದ್ದು ನಾನೇ, ಒಂದು ಖಾನೆ ತುಂಬುವ ಕೆಲಸ ಉಳಿಯಲಿ ಎಂದು. ಆದರೆ ತಿಂಗಳ ಮೊದಲ ಐದು ದಿನ ಅವರು ಏರಿಸುವುದು ಹೆಚ್ಚಾಗಿ ಹಿಂದಿನ ತಿಂಗಳ ಬಿಲ್ಲುಗಳನ್ನು. ಎಂಟರ್ ಒತ್ತುತ್ತಾ ಹೋದರೆ ಅವೆಲ್ಲ ಸದ್ದಿಲ್ಲದೆ ಹೊಸ ತಿಂಗಳ ಲೆಕ್ಕಕ್ಕೆ ಸೇರುತ್ತವೆ. ಅವರ ಕಣ್ಣು ಪರದೆಯ ಮೇಲಿರುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

"ಹೇಳಬಹುದಿತ್ತಲ್ಲ ಮೇಡಂ?"

"ನೀವು ಬರ್ತೀರಲ್ಲ, ಬಂದಾಗ ನೋಡ್ತೀರಿ ಅಂತ ಅಂಟಿಸಿದೆ."

ಅದರ ಫೋಟೊನೂ ತೆಗೆದುಕೊಂಡೆ. ಮುಂದಿನ ತಿಂಗಳು ಒಂದನೇ ತಾರೀಖು ಬೆಳಿಗ್ಗೆ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದೆಂದು ಹೇಳಿ ಬಂದಿದ್ದೇನೆ.